ಆರನೇ ಗ್ಲಾಸು

ಶನಿವಾರ, ಬೆಳಿಗ್ಗೆ ಏಳು ಗಂಟೆ

ಅಮ್ಮಾ,

ನೀನು ಚೆನ್ನಾಗಿದ್ದೀಯ ಎಂದು ನನಗೆ ಗೊತ್ತು, ನಿನ್ನೆಯಷ್ಟೇ ವಿಚಾರಿಸಿದ್ದೇನೆ. ನಾನು ಚೆನ್ನಾಗಿದ್ದೇನೆ ಎಂದು ಬರೆಯಲು ಮಾತ್ರ ಕೈ ಬರುತ್ತಿಲ್ಲ. ಈ ಕಾಗದವನ್ನು ಅಂಚೆಗೆ ಹಾಕುತ್ತಿಲ್ಲ. ನಿನ್ನ ಪಕ್ಕದ ಮನೆಯ ದರ್ಜಿ ಅಕ್ಕನಿಗೆ ಕೈಯಿಂದ ಕೈಗೆ ತಲುಪುತ್ತದೆ. ರವಿಕೆಯ ಅಳತೆಗೆ ಎಂದು ಅವಳು ನಿನ್ನನ್ನು ಕರೆಸಿಕೊಳ್ಳುತ್ತಾಳೆ, ಅಲ್ಲಿ ಯಾರಾದರೂ ಓದಿ ಹೇಳುತ್ತಾರೆ. ನಿನ್ನ ಕಣ್ಣಿನ ಪೊರೆ ಬಲಿತ ಮೇಲೆ ನಾನು ಕಾಗದ ಬರೆಯುವುದನ್ನೇ ಬಿಟ್ಟಿದ್ದೆ. ಈಗ ಫೋನು ಮಾಡಲು ಹೆದರಿಕೆ. ನಿನ್ನ ಕೈಯಲ್ಲಿರುವ ಹೊಸ ಫೋನು ಯಾರು ಕೊಡಿಸಿದ್ದು ಎಂದು ನನಗೆ ಗೊತ್ತಾಗಿದೆ.

ಪೂರ್ತಿ ಕೇಳು. ಮಧ್ಯದಲ್ಲಿ ಎದ್ದು ಹೋಗಬೇಡ.

ಗಂಡನನ್ನು ಬಿಟ್ಟು ಬಂದು ಕೆಲಸಕ್ಕೆ ಸೇರಿ ಎರಡು ವರ್ಷವಾದರೂ ಆ ಕೆಲಸದ ಬಗ್ಗೆ ನೀನು ಒಮ್ಮೆಯೂ ಕೇಳಿರಲಿಲ್ಲ. ಸೇರಿದ ದಿನ ಹೇಳಿದಾಗ, "ಹೆಂಡ ನೆಕ್ಕೋದೂ ಒಂದು ಕೆಲಸಾನೇನೇ" ಎಂದು ಫೋನಿಟ್ಟವಳು ನೀನು. ಮೂರು ವಾರದ ಹಿಂದೆ ಇದ್ದಕ್ಕಿದ್ದಂತೆ ಕಂಪನಿಯ ಹೆಸರೇನು, ಯಾವ ರಸ್ತೆ, ಬಾಗಿಲು ಎಷ್ಟು ಹೊತ್ತಿಗೆ ತೆಗೆಯುತ್ತಾರೆ ಎಂದೆಲ್ಲ ಕೇಳಿದೆ. ಕೊನೆಗೂ ಅಮ್ಮನಿಗೆ ನನ್ನ ಕೆಲಸದ ಮೇಲೆ ಅಕ್ಕರೆ ಹುಟ್ಟಿತಲ್ಲ ಎಂದು ಹಿಗ್ಗಿ ಎಲ್ಲ ಹೇಳಿಬಿಟ್ಟೆ. ಹಿಗ್ಗಿದ್ದು ನಿಜ, ಅದನ್ನು ಮುಚ್ಚಿಡುವುದಿಲ್ಲ.

ಆ ಕೆಲಸ ನನಗೆ ಇಷ್ಟ ಅಮ್ಮ. ಹೋಟೆಲುಗಳಿಗೆ, ಅಂಗಡಿಗಳಿಗೆ ಮಾಲು ಕೊಡುವ ಒಂದು ದೊಡ್ಡ ಮಳಿಗೆ ಅದು. ಯಾವ ಬಿಯರು, ಯಾವ ವಿಸ್ಕಿ ಕೊಳ್ಳಬೇಕು ಎಂದು ನಾವು ಐದು ಜನ ರುಚಿ ನೋಡಿ ಹೇಳುತ್ತೇವೆ. ಬೆಳಿಗ್ಗೆ ಹತ್ತಕ್ಕೆ, ನಾಲಿಗೆ ಇನ್ನೂ ಶುದ್ಧವಾಗಿರುವಾಗ. ಬಿಳಿ ಗೋಡೆಯ ಕೋಣೆ, ಅಲ್ಲಿ ಸೆಂಟು ಹಚ್ಚಿಕೊಂಡು ಬರುವಂತಿಲ್ಲ, ಕಾಫಿ ಕುಡಿದು ಬರುವಂತಿಲ್ಲ. ಗ್ಲಾಸಿಗೆ ಬರೀ ನಂಬರು, ಯಾರು ಮಾಡಿದ್ದೆಂದು ಯಾರಿಗೂ ಗೊತ್ತಿರುವುದಿಲ್ಲ. ವಿಸ್ಕಿ, ರಮ್ಮು, ಜಿನ್ನನ್ನು ಬಾಯಲ್ಲಿ ಆಡಿಸಿ ಉಗುಳುತ್ತೇವೆ. ಬಿಯರನ್ನು ಮಾತ್ರ ಒಂದು ಗುಟುಕು ನುಂಗಲೇಬೇಕು, ಅದರ ಕಹಿ ನಿಜವಾಗಿ ತಿಳಿಯುವುದು ಗಂಟಲಲ್ಲಿ. ಗೋಧಿಯ ಬಿಯರಿನಲ್ಲಿ ಬಾಳೆಹಣ್ಣು ಹಾಕದೆಯೇ ಬಾಳೆಹಣ್ಣಿನ ವಾಸನೆ ಬರುತ್ತದೆ, ಹಿಂದೆಯೇ ಲವಂಗ. ಕಪ್ಪು ಬಿಯರಿನಲ್ಲಿ ಸೀದ ರೊಟ್ಟಿಯ ಅಂಚು. ಒಳ್ಳೆಯ ರಮ್ಮು ಬೆಲ್ಲದ ಪಾಕ ತಳ ಹಿಡಿಯುವ ಕ್ಷಣದ ಹಾಗೆ. ಕೆಲವು ವಿಸ್ಕಿ ಮೊದಲಿಗೆ ಮೂತಿ ತಿರುಗಿಸಿಕೊಂಡು ಕೂತಿರುತ್ತವೆ, ನಾಲ್ಕು ಹನಿ ನೀರು ಹಾಕಿದರೆ ಹೊಗೆ, ಜೇನು, ನೆನೆದ ಮರ ಎಲ್ಲ ಒಂದೊಂದಾಗಿ ಮಾತಾಡುತ್ತವೆ. ಜಿನ್ನು ಮೂರು ಬಗೆಯದನ್ನು ಪಕ್ಕಪಕ್ಕ ಇಟ್ಟರೆ ಒಂದೇ ಮನೆಯ ಅಕ್ಕತಂಗಿಯರ ಹಾಗೆ, ಮುಖ ಒಂದೇ, ಗುಣ ಬೇರೆ. ಇದೆಲ್ಲ ಹೇಳಿದರೆ ನೀನು ಬೈಯುತ್ತೀಯ. ಆದರೆ ನಾನು ನಿನ್ನ ಮಗಳೇ ತಾನೆ, ಸಾರಿಗೆ ಉಪ್ಪು ಬಿದ್ದಿದೆಯೋ ಇಲ್ಲವೋ ಎಂದು ವಾಸನೆಯಲ್ಲೇ ಹೇಳುತ್ತಿದ್ದವಳು ನೀನು. ಈ ನಾಲಿಗೆ ನನಗೆ ಬೇರೆ ಎಲ್ಲಿಂದ ಬಂತು?

ನಮ್ಮ ಐವರಲ್ಲಿ ಹಿರಿಯರನ್ನು ಎಲ್ಲರೂ ಮೂಗಮ್ಮ ಎನ್ನುತ್ತಾರೆ. ಮಾತು ಬಾರದವರು ಅಂದುಕೊಳ್ಳಬೇಡ, ಬಾಯಿ ತೆರೆದರೆ ಸಂತೆ. ಮೂಗು ಅಷ್ಟು ಚುರುಕು ಎಂದು ಆ ಹೆಸರು. ನನ್ನನ್ನು ಒಂದೇ ಸಲಕ್ಕೆ ಕೆಲಸಕ್ಕೆ ತೆಗೆದುಕೊಂಡವರು, ಊರು ಯಾವುದು, ಗಂಡ ಎಲ್ಲಿ ಎಂದು ಇವತ್ತಿನವರೆಗೂ ಕೇಳದವರು.

ಮಂಗಳವಾರ ಒಂಬತ್ತು ಬಿಯರುಗಳ ಸಾಲು. ಐದರವರೆಗೆ ನಗುನಗುತ್ತಲೇ ಬಂದೆ. ಆರನೆಯದನ್ನು ಮೂಗಿನ ಹತ್ತಿರ ತಂದೆ. ಕಿತ್ತಳೆ ಸಿಪ್ಪೆ. ಬಿಸಿಲಲ್ಲಿ ಒಣಗಿಸಿದ್ದಲ್ಲ, ಬಿಯರು ಕುದಿಸುವ ಹಂಡೆಯ ಮೇಲಿನ ತಾಮ್ರದ ಕೊಳವೆಗೆ ಒರಗಿಸಿ ಒಣಗಿಸಿದ್ದು, ಅದಕ್ಕೆ ಸಣ್ಣ ಹೊಗೆ ಹಿಡಿದಿರುತ್ತದೆ. ಹಾಗೆ ಒಣಗಿಸುವುದನ್ನು ಅವನಿಗೆ ಹೇಳಿಕೊಟ್ಟವಳು ನಾನೇ. ಬೇರೆ ಯಾರೂ ಹಾಗೆ ಮಾಡುವುದನ್ನು ನಾನು ಕಂಡಿಲ್ಲ. ಒಂದು ಗುಟುಕು ನುಂಗಿದೆ. ಸಿಪ್ಪೆಯ ಹಿಂದೆ ಕಮಟು ಬೆಣ್ಣೆ. ಇಡೀ ಬಾಯಿಗೆ ಬಳಿದ ಹಾಗೆ ಕಮಟು ಬೆಣ್ಣೆ.

(ನಿನ್ನ ಅಳಿಯನನ್ನು 'ಅವರು' ಎಂದು ಬರೆಯಲು ಈಗ ನನ್ನಿಂದ ಆಗುವುದಿಲ್ಲ. ತಪ್ಪು ತಿಳಿಯಬೇಡ.)

ಆ ಬೆಣ್ಣೆಯ ಕಥೆ ನಿನಗೆ ಹೇಳಿಲ್ಲ. ಹೇಳಬೇಕಿತ್ತು. ಮದುವೆಯಾದ ಮೊದಲ ವರ್ಷ ನಾವು ಸುಖವಾಗಿಯೇ ಇದ್ದೆವು. ಭಾನುವಾರ ಮಧ್ಯಾಹ್ನ ಅವನು ತಾನು ಮಾಡಿದ ಬಿಯರಿನ ಜೊತೆ ಬೇರೆಯವರದನ್ನೂ ತಂದು ಎಂಟು ಗ್ಲಾಸು ಸಾಲಾಗಿಡುತ್ತಿದ್ದ. ನನ್ನ ಕಣ್ಣಿಗೆ ಬಟ್ಟೆ ಕಟ್ಟಿ ಯಾವುದು ಯಾವುದೆಂದು ಹೇಳು ಎನ್ನುತ್ತಿದ್ದ. ನಾನು ಒಂದನ್ನೂ ತಪ್ಪುತ್ತಿರಲಿಲ್ಲ. ಮೊದಮೊದಲು ಚಪ್ಪಾಳೆ ತಟ್ಟಿದ. ಆಮೇಲೆ ಸುಮ್ಮನಾದ. ಆಮೇಲೆ ಗ್ಲಾಸುಗಳನ್ನು ತೊಳೆಯುವಾಗ ಒಂದೊಂದನ್ನೇ ನೆಲಕ್ಕೆ ಬಿಡತೊಡಗಿದ, ನನ್ನ ಮುಖ ನೋಡುತ್ತಾ.

ಮೂರನೇ ವರ್ಷ ಅವನ ಬಿಯರು ಕೊಳ್ಳಲು ನಾಲ್ಕು ಜನ ಬಂದಿದ್ದರು. ರುಚಿ ನೋಡಿದವನೊಬ್ಬ ನನ್ನನ್ನೂ ಕೇಳಿದ. ನಾಲಿಗೆಗೆ ಎಲುಬಿಲ್ಲ ಅಮ್ಮ. ಬೆಣ್ಣೆ ವಾಸನೆ ಬರ್ತಿದೆ, ಇನ್ನೆರಡು ದಿನ ಹುದುಗಲು ಬಿಡಬೇಕಿತ್ತು ಎಂದುಬಿಟ್ಟೆ. ಅವನು ಎಲ್ಲರ ಎದುರು ನಕ್ಕ. ಕೆಳಗಿನಿಂದ ಇನ್ನೊಂದು ಬಾಟಲು ತಾ ಎಂದು ನನ್ನನ್ನು ಪೀಪಾಯಿಗಳ ತಂಪು ಕೋಣೆಗೆ ಕಳಿಸಿದ, ಹಿಂದೆಯೇ ಬಂದು ಬಾಗಿಲು ಹಾಕಿದ. ಒಳಗಿನ ಚಿಲಕವನ್ನು ಅವನು ಮೊದಲೇ ಕಿತ್ತಿಟ್ಟಿದ್ದ. ಬಾಗಿಲು ಹಾಕಿದರೆ ಅಲ್ಲಿ ದೀಪವೂ ಆರುತ್ತದೆ. ಎರಡೂವರೆ ಗಂಟೆ. ಮೇಲೆ ಕುರ್ಚಿ ಎಳೆಯುವ ಸದ್ದು, ನಗು, ಎಲ್ಲ ಕೇಳುತ್ತಿತ್ತು. ಬಡಿದೆ, ಕೂಗಿದೆ, ಆಮೇಲೆ ಕೂಗುವುದಕ್ಕೂ ಹೆದರಿದೆ. ಬಾಗಿಲು ತೆಗೆದಾಗ ಅವನು ಕೇಳಿದ್ದು ಒಂದೇ ಮಾತು, "ಈಗ ಹೇಳು, ರುಚಿ ಹೇಗಿದೆ?" ಚೆನ್ನಾಗಿದೆ ಎಂದೆ. ಆ ಚಳಿಗೆ ಬಲಗಾಲಿನ ಎರಡು ಬೆರಳು ಸೆಟೆದು ಇವತ್ತಿಗೂ ಮರಗಟ್ಟಿವೆ. ಮೆಟ್ಟಿಲ ಮೇಲೆ ಜಾರಿದೆ ಎಂದು ನಿನಗೆ ಹೇಳಿದ್ದು ಸುಳ್ಳು.

ಮಂಗಳವಾರ ಎಲ್ಲರೂ ಆರನೇ ಗ್ಲಾಸಿಗೆ ಮುಖ ಕಿವುಚಿದರು, ಇಷ್ಟು ಕೆಟ್ಟಿದ್ದನ್ನು ಯಾವ ಪುಣ್ಯಾತ್ಮ ಕಳಿಸಿದ ಎಂದು ನಕ್ಕರು. ಅವನ ಕೈಕೆಲಸ ಎಷ್ಟು ಅಚ್ಚುಕಟ್ಟು ಎಂದು ನನಗೆ ಗೊತ್ತು. ಆ ದಿನದ ನಂತರ ಅವನ ಒಂದು ಹಂಡೆಯಲ್ಲೂ ಬೆಣ್ಣೆ ಬಂದದ್ದಿಲ್ಲ. ಇದನ್ನು ಬೇಕೆಂದೇ ಕೆಡಿಸಿ ಕಳಿಸಿದ್ದ. ಬಾಟಲಿನ ಜೊತೆ ಬಂದ ಚೀಟಿಯನ್ನು ಆಮೇಲೆ ನೋಡಿದೆ. ಮಾಡಿದವರ ಮಾತು ಎಂಬ ಜಾಗದಲ್ಲಿ ಅವನ ಅಕ್ಷರ: "ರುಚಿ ನೋಡುವವರಿಗೆ ಗೊತ್ತಾಗುತ್ತದೆ."

ಆ ಚೀಟಿಯನ್ನು ಮೂಗಮ್ಮನ ಮುಂದಿಟ್ಟೆ. ಮೂಗಮ್ಮ ಎಲ್ಲರನ್ನೂ ಹೊರಗೆ ಕಳಿಸಿ ಬಾಗಿಲು ಹಾಕಲು ಹೋದರು. ಹಾಕಬೇಡಿ ಎಂದು ನಾನು ಕಿರುಚಿದೆನಂತೆ, ನನಗೆ ನೆನಪಿಲ್ಲ. ಅವರು ಬಾಗಿಲನ್ನು ಹಾಗೆಯೇ ತೆರೆದಿಟ್ಟು, "ಮೊದ್ಲು ಕೂತ್ಕೋ, ನೀರು ಕುಡಿ" ಎಂದರು. ಎಲ್ಲ ಹೇಳಿದೆ. ಹೆತ್ತವಳಿಗೆ ಹೇಳದ್ದನ್ನು ಅವರಿಗೆ ಹೇಳಿದೆ, ಬೇಜಾರು ಮಾಡಿಕೊಳ್ಳಬೇಡ.

ಗುರುವಾರ ಹನ್ನೊಂದು ಗಂಟೆಗೆ ಅವನು ಬಂದ. ನಾನು ಗ್ಲಾಸುಗಳನ್ನು ಇಡುವ ಹಿಂದಿನ ಕೋಣೆಯಲ್ಲಿದ್ದೆ, ನಡುವೆ ಒಂದು ಹಲಗೆಯ ಗೋಡೆ ಅಷ್ಟೆ. ಅದೇ ದನಿ, ಬೆಣ್ಣೆಯಿಂದ ಕೂದಲು ತೆಗೆದಷ್ಟು ನಯ. "ನನ್ನ ಹೆಂಡ್ತಿ ಇಲ್ಲೇ ಕೆಲಸ ಮಾಡ್ತಾಳಂತೆ ಮೇಡಂ. ಅತ್ತೆನೇ ಅಡ್ರೆಸ್ ಕೊಟ್ರು." ಅದನ್ನು ಕೇಳಿದಾಗ ನನಗೆ ಕೋಪ ಬರಲಿಲ್ಲ. ಮೂರು ವಾರದ ಹಿಂದೆ ನೀನು ಕೇಳಿದ ಪ್ರಶ್ನೆಗಳು ನೆನಪಾದವು, ಅಷ್ಟೆ. ಮೂಗಮ್ಮ, "ಅಂಥೋರು ಯಾರೂ ಇಲ್ಲಿಲ್ವಲ್ಲಪ್ಪ" ಎಂದರು. ಆಗ ಅವನು ಅಳತೊಡಗಿದ. "ಅತ್ತೆಗೆ ತುಂಬಾ ಸೀರಿಯಸ್ ಮೇಡಂ, ನಮ್ಮನೇಲೇ ಮಲಗಿದಾರೆ. ಇವತ್ತೋ ನಾಳೆಯೋ. ಮಗಳ ಮುಖ ಒಂದ್ಸಲ ನೋಡ್ಬೇಕಂತೆ."

ಅಮ್ಮಾ, ಅವನು ಅಳುವುದನ್ನು ನೀನೂ ನೋಡಿದ್ದೀಯ. ಅವನ ಅಳುವಿಗೆ ಕರಗಿಯೇ ನೀನು ಅಡ್ರೆಸ್ ಹೇಳಿದ್ದು, ಬೇರೆ ಕಾರಣ ಇರಲಾರದು. ಸುಳ್ಳೆಂದು ಗೊತ್ತಿದ್ದೂ ನನ್ನ ಕಾಲು ಮುಂದೆ ಹೋಯಿತು. ನಿಜವೇ ಆಗಿದ್ದರೆ? ನೀನು ನನ್ನ ದಾರಿ ನೋಡುತ್ತಾ ಮಲಗಿದ್ದು, ನಾನು ಹಲಗೆಯ ಹಿಂದೆ ಅವಿತಿದ್ದರೆ? ಒಂದು ಹೆಜ್ಜೆ ಇಟ್ಟೆ. ಮೊಣಕೈ ತಗುಲಿ ಒಂದು ಗ್ಲಾಸು ಬಿದ್ದು ಚೂರಾಯಿತು.

ಆಚೆ ಅವನ ಮಾತು ನಿಂತಿತು. ಅವನ ಬೂಟಿನ ಸದ್ದು ಎರಡು ಹೆಜ್ಜೆ ಹತ್ತಿರ ಬಂತು. ಅಷ್ಟರಲ್ಲಿ ಮೂಗಮ್ಮ ಗಂಟಲು ಹರಿಯುವ ಹಾಗೆ ಕೂಗಿದರು, "ಅಯ್ಯೋ ಮುದುಕಪ್ಪಾ, ಇದು ಮೂರನೇದು! ಕೈಯಲ್ಲಿ ಆಗಲ್ಲ ಅಂದ್ರೆ ಮನೇಲಿ ಬಿದ್ಕೋಬಾರ್ದಾ!" ಹಿಂದಿನ ಕೋಣೆಯಲ್ಲಿ ಯಾವ ಮುದುಕಪ್ಪನೂ ಇರಲಿಲ್ಲ. ನಾನು ಬಾಯಿಗೆ ಸೆರಗು ತುರುಕಿಕೊಂಡು, ಮುದುಕರ ಹಾಗೆ ಕೆಮ್ಮಿದೆ. ಆ ಕೆಮ್ಮು ಎಲ್ಲಿಂದ ಬಂತೋ ನನಗೆ ತಿಳಿಯದು.

ಅವನು ನಿಂತ. "ನನ್ನ ಬಿಯರ್ ಹೇಗಿತ್ತು?" ಎಂದು ಕೇಳಿದ. ಮೂಗಮ್ಮ, "ಕಮಟು. ಮಾಡೋಕೆ ಬರದೆ ಕೆಟ್ಟಿದ್ದಲ್ಲ, ಬೇಕಂತ ಕೆಡಿಸಿದ್ದು. ನಮಗೆ ಬೇಡ" ಎಂದರು. ಅವನು ನಕ್ಕು, "ಇಲ್ಲಿ ಒಳ್ಳೇ ನಾಲಿಗೆ ಇದೆ" ಎಂದು ಹೊರಟ. ಹೊರಟು ಎಲ್ಲಿಗೂ ಹೋಗಲಿಲ್ಲ. ಎದುರುಗಡೆ ತನ್ನ ವ್ಯಾನಿನಲ್ಲಿ ಕೂತು ಬಾಗಿಲನ್ನೇ ನೋಡುತ್ತಿದ್ದ. ಮೂರು ಗಂಟೆಗೆ ಖಾಲಿ ಬಾಟಲುಗಳ ಲಾರಿ ಹಿಂದಿನ ಗೇಟಿನಿಂದ ಹೊರಟಿತು. ಅದರ ಕ್ರೇಟುಗಳ ನಡುವೆ, ತಾಡಪಾಲಿನ ಕೆಳಗೆ ನಾನಿದ್ದೆ. ಪ್ರತಿ ಹಳ್ಳಕ್ಕೂ ಸಾವಿರ ಬಾಟಲು ಒಟ್ಟಿಗೆ ಗಲಗಲ ಎನ್ನುತ್ತಿದ್ದವು. ಈಗ ಅವನಿಗೆ ಕೇಳಿಸಿತು, ಈಗ ಕೇಳಿಸಿತು ಎಂದು ದಾರಿಯುದ್ದಕ್ಕೂ ಎರಡೂ ಕೈಯಿಂದ ಕ್ರೇಟುಗಳನ್ನು ಒತ್ತಿ ಹಿಡಿದಿದ್ದೆ.

ನಿನ್ನೆ ದರ್ಜಿ ಅಕ್ಕನಿಗೆ ಫೋನು ಮಾಡಿದೆ. "ನಿಮ್ಮಮ್ಮನಾ? ಈಗಿನ್ನೂ ಕಾಂಪೌಂಡಿನ ಹತ್ರ ನಿಂತು ನೀರಿನವನ ಜೊತೆ ಜಗಳ ಆಡ್ತಿದ್ರಲ್ಲೇ" ಎಂದಳು. ಅಲ್ಲೇ ಕೂತು ಅತ್ತುಬಿಟ್ಟೆ. ಆಮೇಲೆ ಉಳಿದದ್ದೂ ಹೇಳಿದಳು. ವಾರದಲ್ಲಿ ಮೂರು ದಿನ ಅವನ ವ್ಯಾನು ನಮ್ಮ ಮನೆ ಮುಂದೆ ನಿಂತಿರುತ್ತದಂತೆ. ಹಣ್ಣು ತರುತ್ತಾನೆ, ಕಣ್ಣಿಗೆ ಔಷಧಿ ಹಾಕುತ್ತಾನೆ. ಬಾಗಿಲಿಗೆ ಹೊಸ ಬೀಗ ಹಾಕಿಸಿ ಒಂದು ಬೀಗದಕೈ ತಾನೇ ಇಟ್ಟುಕೊಂಡಿದ್ದಾನೆ. ಮುಂದಿನ ವಾರ ನಿನ್ನ ಕಣ್ಣಿನ ಆಪರೇಷನ್ ಮಾಡಿಸಿ, ವಾಸಿಯಾಗುವವರೆಗೆ ತನ್ನ ಮನೆಯಲ್ಲಿ ಇರಿಸಿಕೊಳ್ಳುತ್ತಾನಂತೆ. ಹೆತ್ತ ಮಗನೂ ಇಷ್ಟು ಮಾಡಲ್ಲ ಎಂದು ನೀನು ಓಣಿಯಲ್ಲೆಲ್ಲ ಹೇಳಿಕೊಂಡು ಬಂದಿದ್ದೀಯಂತೆ.

ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ನೀನು ಆ ಮನೆಯಲ್ಲಿ ಮಲಗುವುದನ್ನು ನೆನೆಯಲೂ ನನ್ನಿಂದ ಆಗುವುದಿಲ್ಲ. ಅವನು ನಿನ್ನನ್ನು ಹೊಡೆಯುವುದಿಲ್ಲ. ಚೆನ್ನಾಗಿಯೇ ನೋಡಿಕೊಳ್ಳುತ್ತಾನೆ. ಆಮೇಲೆ ಒಂದು ದಿನ ನಿನ್ನ ಕೈಗೆ ಫೋನು ಕೊಟ್ಟು, ಮಗಳನ್ನು ಕರೀರಿ ಅತ್ತೆ ಎನ್ನುತ್ತಾನೆ. ನೀನು ಕರೆಯುತ್ತೀಯ. ನಾನು ಬರುತ್ತೇನೆ. ಬರದೆ ಇರುವ ಶಕ್ತಿ ನನಗಿಲ್ಲ, ಅದು ಅವನಿಗೆ ಚೆನ್ನಾಗಿ ಗೊತ್ತು. ನನ್ನ ಹೆದರಿಕೆ ಇಷ್ಟೇ ಅಮ್ಮ, ಉಳಿದದ್ದೆಲ್ಲ ಇದರ ಬಾಲ.

ಹೊಂದಿಕೊಂಡು ಹೋಗು ಎಂದು ನೀನು ಹೇಳಿದ್ದನ್ನು ನಾನು ಮನಸ್ಸಿನಲ್ಲಿಟ್ಟುಕೊಂಡಿಲ್ಲ. ನಾನು ನಿಜ ಹೇಳಿದ್ದರೆ ನೀನು ಹಾಗೆ ಹೇಳುತ್ತಿರಲಿಲ್ಲ, ಅದೂ ಗೊತ್ತು. ಎಲ್ಲಿದ್ದೇನೆಂದು ಕೇಳಬೇಡ. ಆ ಮಳಿಗೆಗೆ ಮತ್ತೆ ಹೋಗುವುದಿಲ್ಲ. ನಿನ್ನ ಹೊಸ ಫೋನಿಗೆ ಇನ್ನು ನನ್ನ ಕರೆ ಬರುವುದಿಲ್ಲ.

ನಿನ್ನ ಕಾಲು ಮುಟ್ಟಿ,
ನಿನ್ನ ಪುಟ್ಟಿ

ವಿ.ಸೂ.: ಇದನ್ನು ಓದಿ ಹೇಳುತ್ತಿರುವವರು ದರ್ಜಿ ಅಕ್ಕನ ನೆಂಟರಲ್ಲ. ಅವರೇ ಮೂಗಮ್ಮ. ಹೊಗಳಿಕೆಯ ಸಾಲುಗಳನ್ನು ಅವರು ಹಾರಿಸಿ ಓದಿರುತ್ತಾರೆ, ಇನ್ನೊಮ್ಮೆ ಓದಿಸು. ಇವತ್ತು ಸೋಮವಾರವಾಗಿರುತ್ತದೆ, ಅವನು ಹಂಡೆ ಕುದಿಸುವ ದಿನ. ಸಂಜೆ ಐದರವರೆಗೆ ಒಲೆ ಬಿಟ್ಟು ಕದಲುವುದಿಲ್ಲ. ದರ್ಜಿ ಅಕ್ಕನ ಹಿತ್ತಿಲ ಬಾಗಿಲಲ್ಲಿ ಮೂಗಮ್ಮನ ಕಾರು ನಿಂತಿದೆ. ಮನೆಗೆ ಹೋಗಿ ಕಣ್ಣಿನ ಔಷಧಿ ತೆಗೆದುಕೋ, ಬೇರೇನೂ ಬೇಡ, ಆ ಫೋನಂತೂ ಬೇಡವೇ ಬೇಡ. ಅದು ಮನೆಯಲ್ಲೇ ಇರಲಿ, ನೀನು ಇಲ್ಲೇ ಪಕ್ಕಕ್ಕೆ ಹೋದ ಹಾಗೆ ಕಾಣಲಿ, ಬಾಗಿಲು ಹಾಕದೆಯೇ ಬಾ. ನೀನು ಬರುವುದಿಲ್ಲ ಎಂದರೆ ಅವರು ಬಲವಂತ ಮಾಡುವುದಿಲ್ಲ, ಈ ಕಾಗದವನ್ನು ಸುಟ್ಟು ಒಬ್ಬರೇ ಹಿಂದಿರುಗುತ್ತಾರೆ. ಇಲ್ಲಿರುವುದು ಒಂದೇ ಕೋಣೆ, ಎರಡು ಮಂಚ ಹಾಕಿದ್ದೇನೆ. ಕಿಟಕಿಯ ಕಡೆಯದು ನಿನಗೆ.