ಸುಧಾಮಣಿಯ ಹೆರಿಗೆಗೆ ಜೊತೆ ಯಾರು

ಉಡಿಗಾಲ,
6-2-2024, ಮಂಗಳವಾರ

ನಮ್ಮ ಮನೆಯವರಿಗೆ ಶಿವಲಕ್ಷ್ಮಿ ಬರೆಯುವ ಕಾಗದ.

ಅಕ್ಷರ ಗುಂಡಗಿಲ್ಲ, ಒತ್ತು ದೀರ್ಘ ತಪ್ಪಿರುತ್ತದೆ, ಬೇಸರ ಮಾಡಿಕೊಳ್ಳದೆ ಓದಿಕೊಳ್ಳಿ. ಐದನೆಯ ಕ್ಲಾಸು ಬಿಟ್ಟ ಮೇಲೆ ಇಷ್ಟು ಉದ್ದ ಬರೆಯುತ್ತಿರುವುದು ಇದೇ ಮೊದಲು. ತಡವಾಯಿತು, ಅದಕ್ಕೂ ಕ್ಷಮಿಸಿ. ತಂಗಿ ಸುಧಾಮಣಿ ಹೇಗಿದ್ದಾಳೆ ಎಂದು ನೀವು ಸಂಕ್ರಾಂತಿಯ ಹೊತ್ತಿಗೆ ಫೋನಿನಲ್ಲಿ ಕೇಳಿದಿರಿ. ನಾನು "ಚೆನ್ನಾಗವ್ಳೆ" ಎಂದಷ್ಟೇ ಹೇಳಿ ಫೋನನ್ನು ಅತ್ತೆಯ ಕೈಗೆ ಕೊಟ್ಟುಬಿಟ್ಟೆ. ನನಗೆ ಫೋನಿನಲ್ಲಿ ಮಾತು ಬರುವುದಿಲ್ಲ. ಅಲ್ಲಿ ನಿಮ್ಮ ಶೆಡ್ಡಿನಲ್ಲಿ ಹತ್ತು ಜನ, ಇಲ್ಲಿ ಪಕ್ಕದಲ್ಲಿ ಅತ್ತೆ. ಚಿಕ್ಕಮಾದು ಚಿಕ್ಕಪ್ಪ ನಾಳೆ ಮತ್ತೆ ಗುಂಡ್ಲುಪೇಟೆಗೆ ಹೋಗಿ ಕೇರಳದ ಬತ್ತೇರಿ ಬಸ್ಸು ಹತ್ತುತ್ತಾರಂತೆ. ಅವರ ಕೈಯಲ್ಲಿ ಇದನ್ನು ಕಳುಹಿಸುತ್ತೇನೆ.

ಮನೆಯಲ್ಲಿ ಎಲ್ಲರೂ ಆರೋಗ್ಯವಾಗಿದ್ದೇವೆ. ಶುಂಠಿ ಕಿತ್ತು ಕಿತ್ತು ನಿಮ್ಮ ಅಂಗೈ ಒಡೆದಿದೆ ಎಂದು ಚಿಕ್ಕಪ್ಪ ಹೇಳಿದರು. ಒಂದು ಶೀಶೆ ಹರಳೆಣ್ಣೆ ಕೊಟ್ಟು ಕಳುಹಿಸಿದ್ದೇನೆ, ಮಲಗುವಾಗ ಹಚ್ಚಿಕೊಳ್ಳಿ.

ಸುಧಾಳಿಗೆ ಹೆಣ್ಣು ಮಗು ಎಂದು ಅತ್ತೆ ನಿಮಗೆ ಆವತ್ತೇ ಹೇಳಿದ್ದಾರೆ. ಹೇಗಾಯಿತು ಎಂದು ಹೇಳಿಲ್ಲ. ಅದನ್ನು ನಾನು ಬರೆಯುತ್ತೇನೆ.

ನಿಮ್ಮ ತಂಗಿ ತೆರಕಣಾಂಬಿಯಿಂದ ತವರಿಗೆ ಬಂದಾಗ ಏಳು ತಿಂಗಳು. ಕೊನೆಯ ಹದಿನೈದು ದಿನವಂತೂ ಅವಳನ್ನು ನೋಡುವುದೇ ಒಂದು ಸಂತೋಷ. ಕಾಲು ಊದಿ ಚಪ್ಪಲಿ ಹಿಡಿಯುತ್ತಿರಲಿಲ್ಲ, ನಿಮ್ಮ ಹಳೆಯ ಚಪ್ಪಲಿ ಮೆಟ್ಟಿಕೊಂಡು ಹಟ್ಟಿಯೆಲ್ಲ ತಿರುಗಿದಳು. ಕೂತರೆ ಏಳಲಾಗದು, ಎದ್ದರೆ ಕೂರಲಾಗದು. ಆದರೂ ಅವರೆಕಾಯಿ ತಂದರೆ ಮೊರವನ್ನು ಹೊಟ್ಟೆಯ ಮೇಲೇ ಇಟ್ಟುಕೊಂಡು ಸುಲಿಯಲು ಕೂರುತ್ತಿದ್ದಳು. ಒಳಗಿನಿಂದ ಮಗು ಒದ್ದರೆ ಮೊರದಲ್ಲಿ ಕಾಳು ಕುಣಿಯುತ್ತಿದ್ದವು. "ನೋಡವ್ವ, ನಿನ್ ಮೊಮ್ಮಗು ಈಗ್ಲೇ ಕಾಳು ಕೇರ್ತಾ ಅದೆ" ಎನ್ನುತ್ತಿದ್ದಳು. ಅವಳ ಗಂಡ ದಿನಕ್ಕೆ ನಾಲ್ಕು ಸಲ ಫೋನ್ ಮಾಡಿ ಯಾವಾಗ, ಯಾವಾಗ ಎಂದು ಕೇಳುವರು. "ನಾನೇನು ಬಸ್ ಸ್ಟ್ಯಾಂಡಲ್ಲಿ ಟೈಮ್ ಹೇಳೋಳಾ? ಬಂದಾಗ ಬತ್ತದೆ ಬುಡಿ" ಎಂದು ಫೋನ್ ಇಟ್ಟುಬಿಡುವಳು.

ಇನ್ನೊಂದು ಸಂಗತಿ ಬರೆಯಬಾರದು ಎಂದುಕೊಂಡಿದ್ದೆ. ಆದರೆ ಅದನ್ನು ಬಿಟ್ಟರೆ ಮುಂದಿನದು ನಿಮಗೆ ತಿಳಿಯುವುದಿಲ್ಲ. ಹೋದ ಜೂನಿನಲ್ಲಿ ನಮ್ಮ ಮಗು ಉಸಿರಿಲ್ಲದೆ ಹುಟ್ಟಿತಲ್ಲ, ಅದರಿಂದಾಗಿ ನನ್ನನ್ನು ಸುಧಾಳಿಂದ ದೂರ ಇಟ್ಟಿದ್ದರು. ಅವಳಿಗೆ ಬಳೆ ತೊಡಿಸುವ ದಿನ ಪಕ್ಕದ ಮನೆಯ ದೊಡ್ಡಮಲ್ಲಮ್ಮಜ್ಜಿ ಅತ್ತೆಯ ಕಿವಿಯ ಹತ್ತಿರ ಬಾಯಿಟ್ಟು, ಆದರೆ ನನಗೂ ಕೇಳುವ ಹಾಗೆ ಹೇಳಿದರು: "ಮೂಗಮ್ಮ, ಮಡ್ಲು ಬರಿದು ಮಾಡ್ಕಂಡಿರೋಳ ಕೈನ ತುಂಬಿದ ಬಸುರಿ ಮ್ಯಾಲಕ್ಕೆ ತರ್ಬ್ಯಾಡ. ತಲೆ ಬಾಚದು, ಊಟಕ್ಕೆ ಇಕ್ಕದು ಎಲ್ಲ ನೀನೇ ನೋಡ್ಕೊ. ಹೆರಿಗೆಗೆ ನಾನ್ ಬತ್ತೀನಿ ಜೊತೆಗೆ."

ಅತ್ತೆ ನನ್ನ ಕಡೆ ತಿರುಗಿ, "ಲಕ್ಷ್ಮಿ, ನೀನು ಒಲೆ ತಾವು ನೋಡ್ಕೊ ಕಣಮ್ಮಿ" ಎಂದರು. ಬಳೆಯ ಸದ್ದನ್ನು ನಾನು ಅಡುಗೆ ಮನೆಯಲ್ಲಿ ಕೂತು ಕೇಳಿದೆ.

ಅತ್ತೆಯನ್ನು ತಪ್ಪು ತಿಳಿಯಬೇಡಿ. ಮಗಳ ವಿಷಯದಲ್ಲಿ ಹೆದರಿದ್ದರು. ನಾನೂ ಹೆದರಿದ್ದೆ. ನನ್ನ ಕೈಯಿಂದ ಏನಾದರೂ ಆಗಿಬಿಟ್ಟರೆ ಎಂದು ನಾನೇ ಇನ್ನಷ್ಟು ದೂರ ಸರಿದೆ. ಹುಲ್ಲು ತರುವುದು, ಸಗಣಿ ಬಾಚುವುದು, ಹೊಲಕ್ಕೆ ಹೋಗುವುದು, ಹೀಗೆ ಹೊರಗಿನ ಕೆಲಸವನ್ನೇ ಹಚ್ಚಿಕೊಂಡೆ.

ಸುಧಾ ಮಾತ್ರ ಒಪ್ಪಲಿಲ್ಲ. ಜಗಳವನ್ನೂ ಆಡಲಿಲ್ಲ. ಎರಡು ದಿನ ಯಾರ ಕೈಗೂ ತಲೆ ಕೊಡದೆ ಕೆದರಿಕೊಂಡು ಕೂತಳು. ಮೂರನೆಯ ದಿನ ಬಾಚಣಿಗೆ, ಎಣ್ಣೆ ಬಟ್ಟಲು ಹಿಡಿದು, ಉಸಿರು ಬಿಡುತ್ತಾ ನಾನಿದ್ದ ಕೊಟ್ಟಿಗೆಗೇ ಬಂದಳು.

"ಇದೇನ್ ಸುಧಾ, ಅತ್ತೆ ನೋಡಿದ್ರೆ?" ಎಂದೆ.

"ನೋಡ್ಲಿ. ಅವ್ವ ಬಾಚಿದ್ರೆ ಕೂದ್ಲು ಬುಡ ಸಮೇತ ಬತ್ತದೆ. ನಿನ್ ಕೈ ಬಿದ್ರೆ ನಿದ್ದೆ ಬತ್ತದೆ. ಬಾಚು, ಅತ್ಗೆ."

ಹಸುವಿನ ಗೂಟದ ಪಕ್ಕದ ಕಲ್ಲಿನ ಮೇಲೆ ಕೂತಳು. ನನ್ನ ಕೈ ನಡುಗುತ್ತಿತ್ತು. ಅದು ಅವಳಿಗೆ ಗೊತ್ತಾಗಿ, ಹಿಂದಿರುಗಿ ನೋಡದೆಯೇ, "ನಡುಗ್ಬ್ಯಾಡ. ನೀ ಏನ್ ತಪ್ಪು ಮಾಡಿದ್ಯ ಅಂತ ನಡುಗ್ತೀಯ?" ಎಂದಳು. ಅಷ್ಟು ತಿಂಗಳಲ್ಲಿ ಯಾರೂ ನನ್ನನ್ನು ಹಾಗೆ ಕೇಳಿರಲಿಲ್ಲ. ಅಲ್ಲಿಂದ ಮುಂದೆ ದಿನವೂ ಅವಳ ಜಡೆ ಕೊಟ್ಟಿಗೆಯಲ್ಲೇ ಆಗುತ್ತಿತ್ತು. ಅತ್ತೆಗೆ ತಿಳಿಯದೆ ಇರಲು ಸಾಧ್ಯವಿಲ್ಲ, ಜಡೆಯಲ್ಲಿ ಹುಲ್ಲಿನ ಎಳೆ ಇರುತ್ತಿತ್ತು. ಅವರು ಕೇಳಲಿಲ್ಲ, ನಾವು ಹೇಳಲಿಲ್ಲ.

ಶುಕ್ರವಾರ ಬೆಳಿಗ್ಗೆ ಏಳಕ್ಕೆ ನಲ್ಲಿ ನೀರು ಬಂದಿತ್ತು. ನಾನು ಕೊಡ ಹಿಡಿದಿದ್ದೆ, ಸುಧಾ ಗೋಡೆಗೆ ಒರಗಿ ನಿಂತು ನೋಡುತ್ತಿದ್ದಳು. "ಅತ್ಗೆ, ನಲ್ಲಿ ನಿಲ್ಸು" ಎಂದಳು. ಕೊಡ ಇನ್ನೂ ತುಂಬಿಲ್ಲ ಎಂದೆ. "ಕೊಡ ಹಾಳಾಗೋಗ್ಲಿ, ಇಲ್ಲಿ ನಾನೇ ಸೋರ್ತಾ ಇವ್ನಿ" ಎಂದಳು. ನೋಡಿದರೆ ಲಂಗ ಒದ್ದೆ, ನೆಲ ಒದ್ದೆ. ಮುಖದಲ್ಲಿ ನಗು ಇತ್ತು, ಆದರೆ ತುಟಿ ಬೆಳ್ಳಗಾಗಿತ್ತು.

ಆಶಾ ಕಾರ್ಯಕರ್ತೆ ಪುಟ್ಟಮಲ್ಲಮ್ಮನವರು ಓಡಿ ಬಂದು 108ಕ್ಕೆ ಫೋನ್ ಮಾಡಿದರು. ಅತ್ತೆ ಗಾಬರಿಯಲ್ಲಿ ಹಳೆಯ ಸೀರೆ, ಹರಳೆಣ್ಣೆ, ಬಾಣಂತಿ ಖಾರದ ಡಬ್ಬಿ ಎಲ್ಲ ಗಂಟು ಕಟ್ಟಿದರು. ದೊಡ್ಡಮಲ್ಲಮ್ಮಜ್ಜಿ ಎಲೆಅಡಿಕೆ ಚೀಲ ಸೊಂಟಕ್ಕೆ ಸಿಕ್ಕಿಸಿಕೊಂಡು ಗಾಡಿ ಬರುವುದಕ್ಕೂ ಮುಂಚೆಯೇ ಬಾಗಿಲಲ್ಲಿ ನಿಂತಿದ್ದರು. ಅವರಿಬ್ಬರೂ ಹೋಗುವುದು, ನಾನು ಹಸು ನೋಡಿಕೊಂಡು ಮನೆಯಲ್ಲಿರುವುದು ಎಂದಾಗಿತ್ತು. ಗಾಡಿ ಬಂದು ಎಲ್ಲರೂ ಹತ್ತಿದ ಮೇಲೆ ಪುಟ್ಟಮಲ್ಲಮ್ಮ "ತಾಯಿ ಕಾರ್ಡ್ ಎಲ್ಲಿ?" ಎಂದರು. ಖಾರದ ಡಬ್ಬಿ ನೆನಪಿದ್ದ ಅತ್ತೆಗೆ ಕಾರ್ಡ್ ನೆನಪಿರಲಿಲ್ಲ. ನಾನು ಒಳಗೆ ಓಡಿ ಮಾದಪ್ಪನ ಪಟದ ಹಿಂದೆ ಇಟ್ಟಿದ್ದನ್ನು ತಂದು ಚಾಚಿದೆ. ಸುಧಾ ಕಾರ್ಡ್ ಹಿಡಿಯಲಿಲ್ಲ, ನನ್ನ ಮಣಿಕಟ್ಟು ಹಿಡಿದಳು. ಅದೇ ಹೊತ್ತಿಗೆ ಒಂದು ನೋವು ಬಂತು. ಅದು ಇಳಿದ ಮೇಲೂ ಬಿಡಲಿಲ್ಲ.

"ಕೈ ಬುಡು ಸುಧಾ, ಗಾಡಿ ಹೊರಡ್ಬೇಕು" ಎಂದೆ.

"ಬುಡಲ್ಲ."

ದೊಡ್ಡಮಲ್ಲಮ್ಮಜ್ಜಿ ಗೊಣಗಲು ಬಾಯಿ ತೆರೆದರು. ಪುಟ್ಟಮಲ್ಲಮ್ಮ ಅವರಿಗೆ ಮಾತಾಡಲು ಬಿಡಲಿಲ್ಲ. "ಹತ್ತು ಕಣಮ್ಮಿ ಅತ್ಲಾಗೆ. ಜಾಗ ಸಾಲ್ದಿದ್ರೆ ಅಜ್ಜಿ ಇಳೀಲಿ, ಹಸೂನಾದ್ರೂ ನೋಡ್ಕತದೆ" ಎಂದರು. ಅಜ್ಜಿ ಇಳಿದರು. ನಾನು ಹತ್ತಿದೆ. ಅತ್ತೆ ಕಿಟಕಿಯ ಕಡೆ ಮುಖ ಮಾಡಿಕೊಂಡರು.

ಚಾಮರಾಜನಗರದ ಆಸ್ಪತ್ರೆಯಲ್ಲಿ ಹೆರಿಗೆ ಕೋಣೆಯ ಬಾಗಿಲಲ್ಲಿ ನರ್ಸಮ್ಮ ಒಬ್ಬರು ತಡೆದು ನಿಲ್ಲಿಸಿದರು. "ಒಬ್ರೇ ಒಳಕ್ಕೆ. ಹೆರಿಗೆ ಅಂದ್ರೆ ಏನು ಅಂತ ಗೊತ್ತಿರೋ ಹೆಂಗಸ್ರು ಬನ್ನಿ. ಒಳಗ್ ಬಂದು ತಲೆ ತಿರುಗಿ ಬೀಳೋರು ಬೇಡ, ನಮಗೆ ಮಂಚ ಕಮ್ಮಿ" ಎಂದರು. ಅತ್ತೆ ಮುಂದೆ ಹೋದರು. "ಅವ್ವ, ನೀನು ಕೋಳಿ ಕುಯ್ಯೋ ಹೊತ್ಗೆ ಬೀದೀಗ್ ಓಗೋಳು. ಅತ್ಗೆ ಬರ್ಲಿ" ಎಂದಳು ಸುಧಾ.

ನರ್ಸಮ್ಮ ನನ್ನ ಕಡೆ ತಿರುಗಿ, "ನಿಮ್ಗೆ ಎಷ್ಟು ಮಕ್ಳು?" ಎಂದರು.

ಆ ಪ್ರಶ್ನೆಗೆ ಎಂಟು ತಿಂಗಳಿಂದ ನನ್ನದು ಒಂದೇ ಉತ್ತರ. ಬಸ್ಸಿನಲ್ಲಿ ಕೇಳಲಿ, ಸಂತೆಮರಹಳ್ಳಿ ಸಂತೆಯಲ್ಲಿ ಕೇಳಲಿ, "ಇಲ್ಲ" ಎಂದುಬಿಡುತ್ತೇನೆ. ಹಾಗೆ ಹೇಳು ಎಂದವರು ಅತ್ತೆಯೇ, ಬಿಡಿಸಿ ಹೇಳಿದರೆ ಜನ ಕೆದಕಿ ಕೆದಕಿ ಕೇಳುತ್ತಾರೆ ಎಂದು. ಈಗ ಅತ್ತೆ ಪಕ್ಕದಲ್ಲೇ ನಿಂತಿದ್ದರು. ಇಲ್ಲ ಎಂದರೆ ನನ್ನನ್ನು ಬಿಡುವುದಿಲ್ಲ, ಸುಧಾ ಒಬ್ಬಳೇ ಒಳಗೆ ಹೋಗಬೇಕು. ನರ್ಸಮ್ಮ ಕಾಯಲಿಲ್ಲ, ಮತ್ತೆ ಕೇಳಿದರು.

"ಹೆರಿಗೆ ಆಗಿದ್ಯಾ ಇಲ್ವಾ, ಅಷ್ಟು ಹೇಳಿ ಸಾಕು."

"ಆಗಿದೆ" ಎಂದೆ. ಅವರಿಗೆ ಕೇಳಿಸಲಿಲ್ಲ, ಏನು ಎಂದರು. "ಆಗಿದೆ. ಒಂದು ಹೆರಿಗೆ ಆಗಿದೆ. ತಿಂಗಳು ತುಂಬಿ" ಎಂದೆ. ಅಷ್ಟು ಗಟ್ಟಿಯಾಗಿ ನಾನು ಪರಸ್ಥಳದಲ್ಲಿ ಮಾತಾಡಿದ್ದೇ ಇಲ್ಲ.

ನರ್ಸಮ್ಮ ಮುಂದೇನೂ ಕೇಳದೆ ಬಾಗಿಲು ತೆಗೆದರು. ಅತ್ತೆ ನೆಲ ನೋಡುತ್ತಿದ್ದರು. ಆಮೇಲೆ ನನ್ನ ಕೈಯಲ್ಲಿದ್ದ ಗಂಟನ್ನು ತಾವು ತೆಗೆದುಕೊಂಡು, "ಓಗು. ಒಳಕ್ ಓಗು. ಅವಳ ಕೈ ಬುಡ್ಬ್ಯಾಡ" ಎಂದರು.

ಒಳಗೆ ಐದು ಗಂಟೆ ಇದ್ದೆವು. ನಿಮ್ಮ ತಂಗಿಯ ಧೈರ್ಯವನ್ನು ಹೇಗೆ ಬರೆಯಲಿ? ನೋವು ಬಂದಾಗ ಕಿಟಕಿಯ ಸರಳು ಹಿಡಿದು ನಿಲ್ಲುತ್ತಿದ್ದಳು, ಇಳಿದಾಗ ಬಂದು ನನ್ನ ಭುಜಕ್ಕೆ ತಲೆ ಇಡುತ್ತಿದ್ದಳು. ಪಕ್ಕದ ಮಂಚದಲ್ಲಿ ಒಬ್ಬ ಚಿಕ್ಕ ವಯಸ್ಸಿನ ಹುಡುಗಿ ಸತ್ತೋಯ್ತೀನಿ, ಸತ್ತೋಯ್ತೀನಿ ಎಂದು ಅಳುತ್ತಿದ್ದಳು. ಸುಧಾ ತನ್ನ ನೋವಿನ ನಡುವೆ ಅವಳಿಗೆ, "ಒಸಿ ತಡ್ಕಮ್ಮಿ, ನಂದಾದ್ಮೇಲೆ ಸಾಯಿವಂತೆ, ಸಿಸ್ಟರ್ ಒಬ್ರೇ ಅವ್ರೆ" ಎಂದಳು. ಆ ಹುಡುಗಿ ಅಳುತ್ತಲೇ ನಕ್ಕುಬಿಟ್ಟಳು.

ಆಮೇಲೆ ನನ್ನ ಕಿವಿಯಲ್ಲಿ, "ಮುಂದೇನಾಗ್ತದೆ ಹೇಳ್ಬುಡು ಅತ್ಗೆ. ನೀ ಕಂಡಿದ್ದೀಯಲ್ಲ" ಎಂದಳು.

ಹೇಳಿದೆ. ಬೆನ್ನಿನಿಂದ ಹೊರಟು ಮುಂದಕ್ಕೆ ಸುತ್ತಿಕೊಳ್ಳುತ್ತದೆ, ಜೋರಾದಾಗ ಹಲ್ಲು ಕಚ್ಚಬೇಡ, ಬಾಯಿ ತೆರೆದು ಉಸಿರು ಬಿಡು. ಇಳಿದಾಗ ನಿದ್ದೆ ಬಂದ ಹಾಗಾಗುತ್ತದೆ, ಒಂದೇ ನಿಮಿಷವಾದರೂ ಮಲಗಿಬಿಡು. ಕೊನೆಗೆ ನನ್ನಿಂದ ಆಗುವುದಿಲ್ಲ ಅನ್ನಿಸುತ್ತದೆ, ಅನ್ನಿಸಿದರೆ ಹತ್ತಿರ ಬಂತು ಎಂದು ತಿಳಿ. ಇಷ್ಟೆಲ್ಲ ನನಗೆ ಗೊತ್ತಿದೆ ಎಂದು ಹೇಳುವ ತನಕ ನನಗೇ ಗೊತ್ತಿರಲಿಲ್ಲ. ಆ ಜೂನಿನ ದಿನದಿಂದ ನನ್ನ ಪಾಲಿಗೆ ಏನೂ ಉಳಿಯಲಿಲ್ಲ ಎಂದುಕೊಂಡಿದ್ದೆ. ಇಷ್ಟು ಉಳಿದಿತ್ತು, ನಿಮ್ಮ ತಂಗಿಗೆ ಬೇಕಾಯಿತು.

ಮಧ್ಯಾಹ್ನ ಒಂದು ಗಂಟೆಯ ಹೊತ್ತಿಗೆ ಅವಳು, "ಆಗಲ್ಲ ಅತ್ಗೆ, ನನ್ ಕೈಲಾಗಲ್ಲ" ಎಂದಳು. "ಹಂಗಾದ್ರೆ ಬಂತು" ಎಂದೆ. ನರ್ಸಮ್ಮ ನೋಡಿ, ನಿಜ, ತಲೆ ಕಾಣುತ್ತಿದೆ ಎಂದರು. "ಈಯಮ್ಮನ್ನ ಇಲ್ಲೇ ಇರಿಸ್ಕೊಂಬುಡೋಣ" ಎಂದು ಇನ್ನೊಬ್ಬ ಸಿಸ್ಟರಿಗೆ ಹೇಳಿದರು.

ಒಂದೂ ಇಪ್ಪತ್ತಕ್ಕೆ ಮಗು ಹುಟ್ಟಿತು. ಹುಟ್ಟಿದ ಕೂಡಲೇ ಅಳಲಿಲ್ಲ. ಎಷ್ಟು ಹೊತ್ತು ಎಂದು ಹೇಳಲಾರೆ, ಬಹಳವೇನಿಲ್ಲ. ನಾನು ಎದುರಿನ ಗೋಡೆಯನ್ನೇ ನೋಡುತ್ತಾ ನಿಂತಿದ್ದೆ. ಆಮೇಲೆ ಅತ್ತಿತು. ಸುಧಾ ಮಗುವಿನ ಕಡೆ ನೋಡುವುದಕ್ಕೆ ಮೊದಲು ನನ್ನ ಕಡೆ ತಿರುಗಿ, "ಅಳ್ತಾ ಅದೆ ಅತ್ಗೆ, ಕೇಳುಸ್ತಾ?" ಎಂದಳು. ಮೈಯಲ್ಲಿ ಒಂದು ಚೂರು ಶಕ್ತಿ ಇಲ್ಲದ ಹೊತ್ತಿನಲ್ಲಿ ಅವಳಿಗೆ ನನ್ನ ನೆನಪಾಯಿತು. ನನಗಿಂತ ಎರಡು ವರ್ಷ ಚಿಕ್ಕವಳು, ಆದರೆ ನಾನು ಅವಳ ಕಾಲಿಗೆ ಬೀಳಬೇಕು ಅನ್ನಿಸಿತು.

ನರ್ಸಮ್ಮ ಮಗುವನ್ನು ಬಟ್ಟೆಯಲ್ಲಿ ಸುತ್ತಿ ನನ್ನ ಕೈಗೇ ಕೊಟ್ಟು, ಹೊರಗೆ ತೋರಿಸಿ ಬಾ ಎಂದರು. ಅತ್ತೆ ಎದ್ದು ಬಂದರು. ನಾನು ಮಗುವನ್ನು ಚಾಚಿದೆ. ಅವರು ತೆಗೆದುಕೊಳ್ಳಲಿಲ್ಲ. ಮಗುವಿನ ಮುಖ ನೋಡಿದರು, ನನ್ನ ಮುಖ ನೋಡಿದರು. "ನಿನ್ ಕೈಲೇ ಇರ್ಲಿ ಒಸಿ ಹೊತ್ತು" ಎಂದು, ನನ್ನ ಹಣೆಯ ಬೆವರನ್ನು ಸೆರಗಿನಿಂದ ಒರೆಸಿದರು.

ನಿನ್ನೆ ಮನೆಗೆ ಬಂದೆವು. ದೊಡ್ಡಮಲ್ಲಮ್ಮಜ್ಜಿ ಮಗು ನೋಡಲು ಬಂದು, ಒಳಗೆ ಯಾರಿದ್ದರು ಎಂದು ಮೊದಲು ಅದನ್ನೇ ಕೇಳಿದರು. "ನಮ್ ಸೊಸೆ. ಹೆತ್ತಿರೋಳು ಬೇಕು ಅಂದ್ರು ಕಣಕ್ಕ, ಇವ್ಳು ಒಳಕ್ ಓದ್ಲು" ಎಂದರು ಅತ್ತೆ. ಅಜ್ಜಿ ಎಲೆಅಡಿಕೆ ಚೀಲ ಬಿಚ್ಚಿ, ಒಂದು ಚೂರು ಹೊಗೆಸೊಪ್ಪು ಇದ್ದರೆ ಕೊಡು ಎಂದರು.

ನಿಮಗೆ ಮಾದಪ್ಪ ಒಳ್ಳೆಯದು ಮಾಡಲಿ, ಹೊತ್ತು ಹೊತ್ತಿಗೆ ಉಣ್ಣು ಎಂದು ಅತ್ತೆ ಬರೆಯಲು ಹೇಳಿದ್ದಾರೆ. ಸೋದರಮಾವ ಉಡಿದಾರ ಇಲ್ಲದೆ ಬಂದರೆ ಬಾಗಿಲು ತೆಗೆಯುವುದಿಲ್ಲ ಎಂದು ಸುಧಾ ಮಲಗಿದಲ್ಲಿಂದಲೇ ಕೂಗುತ್ತಿದ್ದಾಳೆ. ನೀವು ಎಲ್ಲಿದ್ದರೂ ಸುಖವಾಗಿರಬೇಕು ಎನ್ನುವುದೇ ನನ್ನ ಆಸೆ.

ನಿಮ್ಮ
ಶಿವಲಕ್ಷ್ಮಿ

ಸಹಿ ಹಾಕಿದ ಮೇಲೆ ಇನ್ನೊಂದು ಮಾತು. ನಮ್ಮ ಮಗುವನ್ನು ಆವತ್ತು ನನಗೆ ತೋರಿಸಲಿಲ್ಲ. ನೋಡದಿದ್ದರೆ ಬೇಗ ಮರೆಯುತ್ತದೆ ಎಂದು ದೊಡ್ಡವರು ಹೇಳಿದರು. ನಾನು ಮರೆತಿಲ್ಲ. ನೀವು ಟವಲಿನಲ್ಲಿ ಸುತ್ತಿ ಎತ್ತಿಕೊಂಡು ಹೋಗಿದ್ದು ಹಾಸಿಗೆಯಿಂದ ಕಾಣಿಸಿತು, ಟವಲಿನ ಅಂಚು ಮಾತ್ರ. ಬಂದು ನೀವು ಏನೂ ಹೇಳಲಿಲ್ಲ, ತಿಂಗಳೊಳಗೆ ಕೇರಳಕ್ಕೆ ಹೊರಟಿರಿ. ನನಗೆ ಕೋಪವಿಲ್ಲ. ಆದರೆ ಸುಧಾಳ ಮಗುವನ್ನು ಎತ್ತಿಕೊಂಡಾಗ ನಮ್ಮದು ಹೇಗಿತ್ತು ಎಂದು ನೆನೆಯಲು ನನ್ನ ಹತ್ತಿರ ಏನೂ ಇರಲಿಲ್ಲ. ತಲೆಯಲ್ಲಿ ಕೂದಲು ಇತ್ತೇ? ಮೂಗು ಯಾರದು? ಕಣ್ಣು ಮುಚ್ಚಿತ್ತೇ? ನೋಡಿದವರು ನೀವೊಬ್ಬರೇ. ಬರೆದು ತಿಳಿಸಿ, ನಾನು ಅಳುವುದಿಲ್ಲ, ಅತ್ತರೂ ತೊಂದರೆಯಿಲ್ಲ. ಇವತ್ತು ಬೆಳಿಗ್ಗೆ ಪೋಸ್ಟಾಫೀಸಿಗೆ ಹೋಗಿ ಒಂದು ಇನ್‌ಲ್ಯಾಂಡ್ ಲೆಟರ್ ತಂದು, ವಿಳಾಸದ ಜಾಗದಲ್ಲಿ ನನ್ನ ಹೆಸರು ಬರೆದು, ಇದರೊಳಗೆ ಮಡಿಸಿ ಇಟ್ಟಿದ್ದೇನೆ.