ದಾಖಲೆಯ ಪ್ರಕಾರ ಬಸುರಾಗದ ಹೆಂಗಸಿನ ಪರವಾಗಿ

ಕುಟುಂಬಗಳ ಕಲ್ಯಾಣವನ್ನೇ ಹುದ್ದೆಯಾಗಿ ಪಡೆದಿರುವ ಮಾನ್ಯ ಅಧಿಕಾರಿಗಳೇ,

ತಮ್ಮ ಇಲಾಖೆಯ ದಾಖಲೆಯ ಪ್ರಕಾರ ಬಸುರಾಗಲು ಸಾಧ್ಯವೇ ಇಲ್ಲದ ಹೆಂಗಸೊಬ್ಬಳು ಈಗ ಹದಿನಾರು ವಾರದ ಬಸುರಿ. ಹತ್ತು ವಾರಗಳಿಂದ ಆಕೆ ತಮ್ಮ ಅಧೀನದ ತಾಲೂಕಾ ಆಸ್ಪತ್ರೆಯೊಂದಕ್ಕೆ ಅಲೆಯುತ್ತ, ಕಾನೂನು ತನಗೆ ಕೊಟ್ಟಿರುವ ಗರ್ಭಪಾತದ ಸೇವೆಯನ್ನು ಕೇಳುತ್ತಿದ್ದಾಳೆ. ಹತ್ತು ವಾರಗಳಿಂದ ತಮ್ಮವರು ಆಕೆ ಬಸುರಿಯೇ ಅಲ್ಲವೆಂದು ಬಹಳ ತಾಳ್ಮೆಯಿಂದ ತಿಳಿಹೇಳುತ್ತಿದ್ದಾರೆ. ಹೊಟ್ಟೆ ಮಾತ್ರ ತಮ್ಮ ದಾಖಲೆಯನ್ನು ಓದಿದಂತಿಲ್ಲ. ಇದು ನನ್ನ ದೂರು. ಉಳಿದದ್ದು ವಿವರ, ವಿವರವನ್ನು ಅರ್ಧಕ್ಕೆ ಬಿಡುವ ಅಭ್ಯಾಸ ನನಗಿಲ್ಲ.

ಆ ಆಸ್ಪತ್ರೆ ಬೈಲಹೊಂಗಲದ್ದೋ, ಕಿತ್ತೂರಿನದೋ, ಸವದತ್ತಿಯದೋ, ರಾಮದುರ್ಗದ್ದೋ ಎಂಬುದನ್ನು ನಾನು ಇಲ್ಲಿ ಬರೆಯುವುದಿಲ್ಲ. ನಾಲ್ಕೂ ಕಡೆಯವರು ಒಂದು ದಿನ ತಮ್ಮನ್ನು ತಾವೇ ಸಂಶಯಿಸಿಕೊಳ್ಳಲಿ ಎಂಬುದು ಒಂದು ಕಾರಣ. ಇನ್ನೊಂದು ಕಾರಣ ಹೆಚ್ಚು ಗಂಭೀರವಾದದ್ದು. ಗರ್ಭಪಾತ ಮಾಡಿಸಿಕೊಳ್ಳುವವಳ ಗುರುತು ಬಿಟ್ಟುಕೊಡುವುದು ಶಿಕ್ಷಾರ್ಹ ಅಪರಾಧ. ತಮ್ಮ ಗುಮಾಸ್ತರಿಗೆ ಇದು ಹೊಸ ಸುದ್ದಿಯಾಗಬಹುದು. ಆಕೆಯ ಹೆಸರು, ಊರು, ಗಂಡನ ಹೆಸರು, ಬಂದ ಕಾರಣ, ಇಷ್ಟನ್ನೂ ಅವರು ಮೂವತ್ತು ಜನ ಕುಳಿತಿದ್ದ ಪಡಸಾಲೆಯಲ್ಲಿ ಹಾಜರಿ ಕರೆಯುವ ಧ್ವನಿಯಲ್ಲಿ ಕೂಗಿದರು. ಮೂವತ್ತಾರು ವರ್ಷ ಹಾಜರಿ ಕರೆದ ನನಗೂ ಅಷ್ಟು ದೊಡ್ಡ ಧ್ವನಿ ಎಂದೂ ಬೇಕಾಗಿರಲಿಲ್ಲ. ಆದ್ದರಿಂದ ಆಕೆಯನ್ನು ಕೃಷ್ಣವ್ವ ಎಂದು ಕರೆಯೋಣ. ಅತ್ತೆಯನ್ನು ರಾಚವ್ವ, ಗಂಡನನ್ನು ಪರಶು, ಹಿರಿಯ ಮಗಳನ್ನು ರಾಣಿ. ಹೆಸರುಗಳು ನಾನಿಟ್ಟವು, ಮಾತುಗಳು ಅವರವೇ. ಪತ್ರ ಬರೆಯಲೇ ಎಂದು ಒಪ್ಪಿಗೆ ಕೇಳಿದಾಗ ಕೃಷ್ಣವ್ವ, "ನನ್ನ ಹೆಸರ ಬ್ಯಾಡ್ರಿ ಅಕ್ಕೋರ, ನಿಮ್ಮ ಹೆಸರ ದಪ್ಪ ಅಕ್ಷರದಾಗ ಹಾಕ್ರಿ. ನಿಮಗ ಯಾರೂ ಏನೂ ಅನ್ನಂಗಿಲ್ಲ" ಎಂದಳು. ನನ್ನ ವಿದ್ಯಾರ್ಥಿನಿ. ವ್ಯವಹಾರ ಬಲ್ಲವಳು.

ಎರಡು ವರ್ಷಗಳ ಹಿಂದಿನ ಚಳಿಗಾಲದಲ್ಲಿ ತಮ್ಮ ಇಲಾಖೆ ಸಂತಾನಹರಣ ಶಸ್ತ್ರಚಿಕಿತ್ಸಾ ಶಿಬಿರ ನಡೆಸಿತು. ಸುತ್ತಲಿನ ಹಳ್ಳಿಗಳಿಂದ ಹೆಂಗಸರು ಟಂಟಂ ಆಟೋಗಳಲ್ಲಿ ತುಂಬಿಕೊಂಡು ಬಂದರು. ಹೊರಗಿನಿಂದ ಬಂದ ಗಂಡಸರೆಂದರೆ ಆ ಟಂಟಂಗಳ ಚಾಲಕರು ಮಾತ್ರ. ಗಂಡಸರ ಶಸ್ತ್ರಚಿಕಿತ್ಸೆ ಇದಕ್ಕಿಂತ ಸುಲಭವೆಂದು ಆಶಾ ಕಾರ್ಯಕರ್ತೆ ಹೇಳಿದ್ದಕ್ಕೆ ಪರಶು, "ನಾ ಭಾರ ಎತ್ತಾಂವ, ನನಗ ಅದು ಆಗಿಬರಂಗಿಲ್ಲ" ಎಂದಿದ್ದನಂತೆ. ಕೊಳವೆಬಾವಿ ಕೊರೆಯುವ ಲಾರಿಯೊಂದಿಗೆ ಊರೂರು ಸುತ್ತುವ ಆತ ಪೈಪು ಎತ್ತುತ್ತಾನೆ, ನಿಜ. ಕೃಷ್ಣವ್ವ ದಿನಾಲು ಇನ್ನೂರು ಮಕ್ಕಳ ಬಿಸಿಯೂಟದ ಪಾತ್ರೆ ಒಲೆಯಿಂದ ಇಳಿಸುತ್ತಾಳೆ. ಅದನ್ನು ಭಾರವೆಂದು ಯಾರೂ ಕರೆದದ್ದಿಲ್ಲ.

ಶಸ್ತ್ರಚಿಕಿತ್ಸೆಗೆ ಮುನ್ನ ಒಪ್ಪಿಗೆ ಪತ್ರಕ್ಕೆ ಸಹಿ ಪಡೆದರು. ಉಳಿದವರು ಬೆರಳು ತೋರಿಸಿದ ಕಡೆ ಸಹಿ ಹಾಕಿದರು. ಕೃಷ್ಣವ್ವ ಓದಲು ಕುಳಿತಳು. ಹಿಂದೆ ನಿಂತವರು, "ಏ ಬಾಯಿ, ಪರೀಕ್ಷಾಕ ಕುಂತೀಯೇನ? ಲಗೂನ ಏಳ" ಎಂದು ಕಾಡಿದರಂತೆ. ಆಕೆ ಕೊನೆಯ ಸಾಲಿನವರೆಗೂ ಓದಿ, ಅದರದೊಂದು ಪ್ರತಿಯನ್ನು ಕೇಳಿ ಪಡೆದು, ರೇಷನ್ ಕಾರ್ಡಿನ ಜೊತೆ ಪ್ಲಾಸ್ಟಿಕ್ ಚೀಲದಲ್ಲಿಟ್ಟಳು. ಆ ಪ್ರತಿ ಈಗ ನನ್ನ ಮುಂದಿದೆ, ಅದರಲ್ಲಿ ಹೀಗಿದೆ: ಈ ಶಸ್ತ್ರಚಿಕಿತ್ಸೆ ಅಪರೂಪಕ್ಕೆ ವಿಫಲವಾಗಬಹುದು. ಮುಟ್ಟು ತಪ್ಪಿದರೆ ಎರಡು ವಾರದೊಳಗೆ ಆಸ್ಪತ್ರೆಗೆ ಬಂದು ತಿಳಿಸತಕ್ಕದ್ದು. ಬಯಸಿದಲ್ಲಿ ಉಚಿತವಾಗಿ ಗರ್ಭಪಾತ ಮಾಡಿಕೊಡಲಾಗುವುದು. ಕಾಗದ ತಮ್ಮದು, ವಾಕ್ಯ ತಮ್ಮದು, ಮುದ್ರೆಯೂ ತಮ್ಮದು. ದೀಪಾವಳಿಯ ನಂತರ ಮುಟ್ಟು ತಪ್ಪಿತು. ಆಕೆ ಹತ್ತನೆಯ ದಿನ ಬಂದಳು. ತಮ್ಮ ಇಲಾಖೆಯ ಒಪ್ಪಿಗೆ ಪತ್ರವನ್ನು ಅಕ್ಷರಶಃ ಪಾಲಿಸಿದ ಮೊದಲ ವ್ಯಕ್ತಿ ಬಹುಶಃ ಆಕೆಯೇ ಇರಬೇಕು. ಅದಕ್ಕೇ ಆಕೆಯನ್ನು ಏನು ಮಾಡಬೇಕೆಂದು ಅಲ್ಲಿ ಯಾರಿಗೂ ತೋಚಲಿಲ್ಲ.

ಮೊದಲ ಸಲ ಅತ್ತೆ ಸೊಸೆ ಇಬ್ಬರೇ ಹೋಗಿದ್ದರು. ಮೂತ್ರ ಪರೀಕ್ಷೆಯ ಪಟ್ಟಿಯಲ್ಲಿ ಎರಡು ಗೆರೆ ಮೂಡಿದವು. ಪಟ್ಟಿಯೇ ತಪ್ಪಿರಬೇಕು, ಹದಿನೈದು ದಿನ ಬಿಟ್ಟು ಬಾ ಎಂದು ಕಳಿಸಿದರು. ಎರಡನೆಯ ಸಲ ನಾನೂ ಜೊತೆಗೆ ಹೋದೆ. ಗುಮಾಸ್ತರು ಶಿಬಿರದ ರಿಜಿಸ್ಟರು ತೆಗೆದು, ಅದರಲ್ಲಿದ್ದ ಮುದ್ರೆಯ ಮೇಲೆ ಬೆರಳಿಟ್ಟರು. ಆಗ ನಡೆದ ಸಂಭಾಷಣೆಯನ್ನು ನಾನು ತಿದ್ದದೆ ಕೊಡುತ್ತೇನೆ. ತಿದ್ದುವುದು ನನಗೆ ಎಷ್ಟು ಪ್ರಿಯವೆಂದು ಬಲ್ಲವರಿಗೆ ಇದರ ಮಹತ್ವ ತಿಳಿದೀತು.

"ಯವ್ವಾ, ನಿನಗ ಆಪರೇಷನ್ ಆಗೇತಿ."

"ಆಗೇತ್ರಿ."

"ಯಶಸ್ವಿ ಅಂತ ಬರದೈತಿ ಇಲ್ಲಿ. ನೋಡಿಲ್ಲಿ, ಸಿಕ್ಕಾ ಸೈತ ಬಿದ್ದೈತಿ."

"ಸಿಕ್ಕಾ ಬುಕ್ಕಿನ ಮ್ಯಾಲ ಬಿದ್ದೈತ್ರಿ. ನನ್ನ ಹೊಟ್ಟಿ ಮ್ಯಾಲ ಬಿದ್ದಿಲ್ಲ."

"ಹಂಗಲ್ಲವಾ, ಆಪರೇಷನ್ ಆದಮ್ಯಾಲ ನೀ ಬಸರಾಗಾಕ ಬರಂಗಿಲ್ಲ."

ರಾಚವ್ವ ಮುಂದೆ ಬಂದಳು. "ಬರಂಗಿಲ್ಲಂದ್ರ, ಈಕಿ ದಿನಾ ಬಚ್ಚಲದಾಗ ಕುಂತು ಕಾರಿಕೊಳ್ಳೂದು ಏನೋ ತಮ್ಮಾ? ನಾಟಕೇನು?"

"ನೀ ಸುಮ್ಮನಿರು ಆಯಿ. ಆಪರೇಷನ್ ಆದಾಕಿ ಬಸರಾಗ್ಯಾಳಂದ್ರ ವಿಷಯ ಬ್ಯಾರೆನ ಇರತೈತಿ. ಗಂಡನ್ನ ಕರಕೊಂಡು ಬರ್ರಿ. ಇದು ನಂದ ಅಂತ ಬರದು ಸಹಿ ಮಾಡ್ಲಿ. ಮುಂದ ನೋಡೂಣು."

ರಾಚವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

"ನಾ ಅತ್ತಿ ಅದೇನಿ. ಸೊಸಿ ಮ್ಯಾಲ ಸಂಶೆ ಪಡೂದು ನನ್ನ ಕೆಲಸ. ನನಗ ಸಂಶೆ ಇಲ್ಲ. ನಿನಗ್ಯಾರು ಕೊಟ್ರೋ ಆ ಕೆಲಸ?"

ಮಾನ್ಯರೇ, ಈ ಪ್ರಶ್ನೆಯನ್ನು ನಾನು ತಮಗೆ ಹಾಗೆಯೇ ದಾಟಿಸುತ್ತಿದ್ದೇನೆ. ಯಾರು ಕೊಟ್ಟರು? ವಯಸ್ಕ ಹೆಂಗಸಿನ ಗರ್ಭಪಾತಕ್ಕೆ ಆಕೆಯೊಬ್ಬಳ ಒಪ್ಪಿಗೆ ಸಾಕೆಂದು ಕಾಯ್ದೆ ಹೇಳುತ್ತದೆ. ನಮೂನೆಯಲ್ಲಿ ಸಹಿಗೆ ಇರುವುದು ಒಂದೇ ಗೆರೆ; ಗಂಡನ ಗೆರೆಯನ್ನು ತಮ್ಮ ಗುಮಾಸ್ತರು ಸ್ವಂತ ಖುಷಿಯಿಂದ ಎಳೆದಿದ್ದಾರೆ. ನವಿಲುತೀರ್ಥದ ಅಣೆಕಟ್ಟಿನಲ್ಲಿ ಗೇಟು ಮುಚ್ಚಿದೆ ಎಂದು ಪುಸ್ತಕದಲ್ಲಿ ಬರೆದಿಟ್ಟ ದಿನ ಕಾಲುವೆಗೆ ನೀರು ಬಂತೆಂದು ಇಟ್ಟುಕೊಳ್ಳಿ. ಯಾವ ಎಂಜಿನಿಯರನಾದರೂ ಕಾಲುವೆಯ ನಡತೆಯನ್ನು ವಿಚಾರಿಸುತ್ತಾನೆಯೇ? ಹೋಗಿ ಗೇಟು ನೋಡುತ್ತಾನೆ. ತಮ್ಮ ಇಲಾಖೆಯ ಗೇಟು ಸೋರಿದಾಗ ಮಾತ್ರ ತಪಾಸಣೆ ಹೆಂಗಸಿನ ಚಾರಿತ್ರ್ಯದಿಂದ ಆರಂಭವಾಗುವುದೇಕೆ?

ಗುಮಾಸ್ತರ ಧ್ವನಿ ವಾರದೊಳಗೆ ತೆಲಂಗಾಣದ ಯಾವುದೋ ಹೊಲದಲ್ಲಿದ್ದ ಪರಶುವಿನ ಕಿವಿ ಮುಟ್ಟಿತು. ಆತ ಫೋನು ಮಾಡಿ, "ಸರಕಾರದವರ ಹಂಗಂತಾರಂದ್ರ..." ಎಂದು ಆರಂಭಿಸಿದನಂತೆ. ರಾಚವ್ವ ಸೊಸೆಯ ಕೈಯಿಂದ ಫೋನು ಕಸಿದುಕೊಂಡಳು. "ನೀ ಹುಟ್ಟಿದಾಗ ನಿಮ್ಮಪ್ಪ ಯಾವ ಸಿಕ್ಕಾ ಕೇಳಿದ್ನೋ ಬಾಡ್ಯಾ? ದೀಪಾವಳಿಗೆ ಬಂದು ಹದಿನೈದು ದಿನ ಮನ್ಯಾಗ ಬಿದ್ದಾಂವ ನೀನೋ, ಆ ಗುಮಾಸ್ತನೋ?" ಪರಶು ಫೋನು ಇಟ್ಟ. ಅಂದಿನಿಂದ ಆತ ಹೆಂಡತಿಯೊಡನೆ ಮಾತಾಡಿಲ್ಲ. ತಾಯಿಯೊಡನೆ ಮಾತ್ರ, ಅದೂ ಹವಾಮಾನದ ಬಗ್ಗೆ. ಹದಿನೇಳು ವರ್ಷದ ದಾಂಪತ್ಯಕ್ಕೆ ತಮ್ಮ ಒಂದು ಮುದ್ರೆ ಮಾಡಿದ ಸೇವೆ ಇದು. ಇಲಾಖೆಯ ಹೆಸರಿನಲ್ಲಿರುವ ಕಲ್ಯಾಣ ಎಂಬ ಪದವನ್ನು ಎಲ್ಲಿಗೆ ಅನ್ವಯಿಸಬೇಕೆಂದು ತಾವೇ ತಿಳಿಸಬೇಕು.

ಮುಂದಿನದು ಇನ್ನೂ ಸೊಗಸಾಗಿದೆ. ಸ್ಕ್ಯಾನಿಂಗ್ ಯಂತ್ರವಿತ್ತು, ನೋಡುವವರಿರಲಿಲ್ಲ. ಮೂರು ವಾರ ಕಾದೆವು. ಹನ್ನೊಂದು ವಾರದ ಬಸುರೆಂದು ಯಂತ್ರ ಸಾಕ್ಷಿ ನುಡಿಯಿತು. ಆಗ ಗುಮಾಸ್ತರು ನನ್ನನ್ನು ಪಕ್ಕಕ್ಕೆ ಕರೆದು, ಧ್ವನಿ ತಗ್ಗಿಸಲು ಬರುತ್ತದೆಂಬುದನ್ನು ಮೊದಲ ಬಾರಿಗೆ ತೋರಿಸಿ, "ಅಕ್ಕೋರ, ಈಕಿ ಬಸರ ಅಂತ ಬರದ್ರ ಆಪರೇಷನ್ ಫೇಲ್ ಅಂತ ಬರೀಬೇಕಾಕ್ಕೈತಿ. ಫೇಲ್ ಬರದ್ರ ನಮ್ಮ ಶಿಬಿರದ ನೂರಕ್ಕ ನೂರು ಹೋಗತೈತಿ. ಮ್ಯಾಲಿನವರನ್ನ ಕೇಳಬೇಕ್ರಿ" ಎಂದರು. ಫಲಿತಾಂಶ ನೂರಕ್ಕೆ ನೂರು ಬರಲೆಂದು ಹಿಂದುಳಿದ ಹುಡುಗನನ್ನು ಪರೀಕ್ಷೆಗೇ ಕೂರಿಸದ ಶಾಲೆಗಳನ್ನು ನಾನು ಬಲ್ಲೆ, ಅವುಗಳೊಡನೆ ಜಗಳವಾಡಿದ್ದೇನೆ ಕೂಡ. ಬಸುರನ್ನೇ ಹಾಜರಿಯಿಂದ ಕೈಬಿಡುವ ಸಂಸ್ಥೆಯನ್ನು ಕಂಡದ್ದು ಇದೇ ಮೊದಲು. ಆಸ್ಪತ್ರೆಯ ವೈದ್ಯೆ ಒಳ್ಳೆಯವರು, ಕೆಲಸಕ್ಕೆ ಸಿದ್ಧರಿದ್ದಾರೆ. ಆದರೆ ಮೇಲಿನಿಂದ ಕಡತ ಬರಲಿ ಎನ್ನುತ್ತಾರೆ. ಆ ಕಡತ ನಾಲ್ಕು ವಾರಗಳಿಂದ ತಮ್ಮ ಮೇಜಿನ ಮೇಲಿದೆ. ಅದರಲ್ಲಿರುವ ಪ್ರಶ್ನೆಯನ್ನು ಸರಳಗನ್ನಡದಲ್ಲಿ ಬರೆದರೆ ಹೀಗಾಗುತ್ತದೆ: ಈ ಹೆಂಗಸಿಗೆ ಬಸುರಾಗಲು ಅನುಮತಿ ಇದೆಯೇ?

ಕಳೆದ ತಿಂಗಳು, ಆ ಕಡತ ತಮ್ಮಲ್ಲಿ ವಿಶ್ರಮಿಸುತ್ತಿದ್ದ ದಿನಗಳಲ್ಲೇ, ತಾವು ಕಾರ್ಯಾಗಾರವೊಂದರಲ್ಲಿ ಮಾತನಾಡಿದಿರಿ. ನಿವೃತ್ತ ಶಿಕ್ಷಕಿಯೆಂದು ನನ್ನನ್ನೂ ಮುಂದಿನ ಸಾಲಿನಲ್ಲಿ ಕೂರಿಸಿ ಶಾಲು ಹೊದಿಸಿದ್ದಿರಿ. ಬಡ ದೇಶಗಳಲ್ಲಿ ಗರ್ಭಪಾತಕ್ಕೆ ಕಾರಣವಾಗುವ ಸಾಮಾಜಿಕ ಅಂಶಗಳೆಂದು ಪರದೆಯ ಮೇಲೆ ಪಟ್ಟಿ ತೋರಿಸಿದಿರಿ: ಬಡತನ, ಅನಕ್ಷರತೆ, ಎಳೆವಯಸ್ಸಿನ ಮದುವೆ, ಹೆಚ್ಚು ಮಕ್ಕಳು, ಮೂಢನಂಬಿಕೆ, ಅರಿವಿನ ಕೊರತೆ. ಪಟ್ಟಿ ಸುಳ್ಳಲ್ಲ. ಹದಿನೇಳಕ್ಕೆ ಮದುವೆಯಾಗಿ ನನ್ನ ತರಗತಿಯಿಂದ ಮಾಯವಾದ ಹುಡುಗಿಯರ ಪಟ್ಟಿ ತಮ್ಮದಕ್ಕಿಂತ ಉದ್ದವಿದೆ. ಆದರೆ ಅನಕ್ಷರತೆ ಯಾರದು? ಕಾಗದವನ್ನು ಓದಿದವಳು ಆಕೆ. ಮುದ್ರಿಸಿದ ತಾವು ಓದಿಲ್ಲ. ಅರಿವಿನ ಕೊರತೆ ಯಾರದು? ಕಾನೂನು ಆಕೆಗೆ ಗೊತ್ತಿದೆ. ಮೂಢನಂಬಿಕೆ? ರಿಜಿಸ್ಟರಿನಲ್ಲಿ ಬರೆದದ್ದಕ್ಕೆ ವಿರುದ್ಧವಾಗಿ ಗರ್ಭಕೋಶ ನಡೆದುಕೊಳ್ಳದೆಂಬ ನಂಬಿಕೆಗಿಂತ ದೊಡ್ಡದನ್ನು ನಾನು ಈ ಸೀಮೆಯಲ್ಲಿ ಕಂಡಿಲ್ಲ. ತಮ್ಮ ಪಟ್ಟಿಯಲ್ಲಿ ಇಲಾಖೆ ಎಂಬ ಅಂಶವೊಂದು ಬಿಟ್ಟುಹೋಗಿತ್ತು.

ಆಕೆಗೆ ಮಗು ಬೇಡವೇಕೆ ಎಂದು ತಾವು ಕೇಳಬಹುದು. ಕೇಳುವ ಹಕ್ಕು ತಮಗಿಲ್ಲ. ಆದರೂ ಆಕೆ ನನಗೆ ಹೇಳಿದ್ದನ್ನು ಒಪ್ಪಿಗೆ ಪಡೆದೇ ಬರೆಯುತ್ತೇನೆ. "ಶ್ರಾವಣಕ್ಕ ಹಡೀಬೇಕ್ರಿ. ಆವಾಗ ನಮ್ಮ ರಾಣಿ ಹತ್ತನೇ ಕ್ಲಾಸ. ಅತ್ತಿಗೆ ಕಣ್ಣು ಮಂಜ. ನಾ ಅಡಗಿ ಕೆಲಸಕ್ಕ ಹೋದ್ರ ಕೂಸಿನ ಹಿಡಿಯಾವರ್ಯಾರು? ಯಾರೂ ರಾಣಿಗೆ ಸಾಲಿ ಬಿಡು ಅನ್ನಂಗಿಲ್ರಿ. ತಾನ ಬಿಡತೈತಿ ಅದು." ಮೂವತ್ತಾರು ವರ್ಷ ಇಂತಹ ಹುಡುಗಿಯರ ಹೆಸರಿನ ಮುಂದೆ ನಾನು ಗೈರು ಎಂದು ಬರೆದಿದ್ದೇನೆ. ಮೊದಲು ಸೋಮವಾರ ಗೈರು, ನಂತರ ಇಡೀ ವಾರ, ನಂತರ ಹೆಸರೇ ಇರುತ್ತಿರಲಿಲ್ಲ. ಕಾರಣ ಕೇಳಿದರೆ ತಂಗಿಯರು ತರುವ ಉತ್ತರ ಒಂದೇ: "ತಮ್ಮನ್ನ ಆಡಸಾಕ ಅದಾಳ್ರಿ."

ಇಪ್ಪತ್ತು ವಾರದ ತನಕ ಕಾಲಾವಕಾಶವಿದೆಯೆಂದು ತಮ್ಮವರು ನನಗೆ ಧೈರ್ಯ ಹೇಳಿದರು. ಆ ಅವಧಿಯನ್ನು ಕಾನೂನು ಕೊಟ್ಟದ್ದು ಹೆಂಗಸಿಗೆ, ಕಡತಕ್ಕಲ್ಲ. ಪ್ರತಿ ವಾರವೂ ಅಪಾಯವನ್ನು ಏರಿಸುತ್ತದೆ. ಇದನ್ನು ನಾನು ವೈದ್ಯೆಯಾಗಿ ಹೇಳುತ್ತಿಲ್ಲ, ತಮ್ಮದೇ ಕಿರುಹೊತ್ತಿಗೆಯ ಒಂಬತ್ತನೆಯ ಪುಟದಿಂದ ಹೇಳುತ್ತಿದ್ದೇನೆ.

ಆದ್ದರಿಂದ ನನ್ನ ಬೇಡಿಕೆ. ಬರುವ ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ನಾವು ಮೂವರೂ ಆ ಆಸ್ಪತ್ರೆಯಲ್ಲಿರುತ್ತೇವೆ. ಅಷ್ಟರೊಳಗೆ ತಾವು ಕಡತದ ಮೇಲೆ ಒಂದು ಸಾಲು ಬರೆಯಬೇಕು: ಶಸ್ತ್ರಚಿಕಿತ್ಸೆ ವಿಫಲವಾಗಿದೆ, ಆಕೆಯ ಸಹಿ ಸಾಕು. ಅಂದೇ ವೈದ್ಯೆ ತಮ್ಮ ಕೆಲಸ ಮಾಡಬೇಕು. ರಿಜಿಸ್ಟರಿನಲ್ಲಿ ಯಶಸ್ವಿ ಎಂಬ ಪದವನ್ನು ಹೊಡೆದುಹಾಕಿ, ಅದರ ದೃಢೀಕೃತ ನಕಲನ್ನು ಪರಶುವಿನ ವಿಳಾಸಕ್ಕೆ ಇಲಾಖೆಯೇ ಕಳಿಸಬೇಕು. ಆತ ಸರಕಾರವನ್ನು ನಂಬುವ ಮನುಷ್ಯ.

ದಿನವನ್ನು ನಾನು ಗೊತ್ತುಮಾಡಿದ್ದಲ್ಲ. ಮೊನ್ನೆ ಕೃಷ್ಣವ್ವ ಮನೆಗೆ ಬಂದು ಒಂದು ಪೊಟ್ಟಣವನ್ನು ನನ್ನ ಮೇಜಿನ ಮೇಲಿಟ್ಟಳು. ಬಸ್ ನಿಲ್ದಾಣದ ಹಿಂದೆ ಯಾರೋ ಕೊಟ್ಟ ಗುಳಿಗೆಗಳು. ಚೀಟಿಯಿಲ್ಲ, ಹೆಸರಿಲ್ಲ, ಕೊಟ್ಟವನಿಗೆ ಎಷ್ಟು ವಾರವೆಂದು ಕೇಳುವ ಗೊಡವೆಯೂ ಇರಲಿಲ್ಲ. ಅವನು ಗಂಡನ ಸಹಿಯನ್ನೂ ಕೇಳಲಿಲ್ಲವಂತೆ. "ಮನ್ಯಾಗ ಇದ್ರ ನಾ ನುಂಗಿಬಿಡತೇನ್ರಿ ಅಕ್ಕೋರ. ಸೋಮವಾರ ಸಂಜೀತನಕ ನಿಮ್ಮ ಕಡೆ ಇರ್ಲಿ. ಆವಾಗೂ ಕೆಲಸ ಆಗಲಿಲ್ಲಂದ್ರ ನನಗ ಹೊಳ್ಳಿ ಕೊಡ್ರಿ. ಮಾತ ಕೊಡ್ರಿ" ಎಂದಳು. ಕೊಡುವುದಿಲ್ಲ ಎಂದಿದ್ದರೆ ಪೊಟ್ಟಣವನ್ನು ಎತ್ತಿಕೊಂಡು ಹೋಗುತ್ತಿದ್ದಳು. ಮಾತು ಕೊಟ್ಟಿದ್ದೇನೆ. ವಿದ್ಯಾರ್ಥಿಗಳಿಗೆ ಕೊಟ್ಟ ಮಾತನ್ನು ನಾನು ಈವರೆಗೆ ತಪ್ಪಿಲ್ಲ. ಸೋಮವಾರ ಸಂಜೆ ಆಕೆ ಕೈ ಚಾಚಿದರೆ ಏನು ಮಾಡುತ್ತೇನೆಂದು ನನಗೇ ತಿಳಿಯದು. ಆ ಕೈ ಚಾಚದಂತೆ ಮಾಡುವುದು ತಮ್ಮ ಒಂದು ಸಾಲಿನ ಕೆಲಸ.

ಇಂತಿ,
ವಿದ್ಯೆಯೊಂದಿದ್ದರೆ ಹೆಣ್ಣುಮಗಳು ಯಾರ ಬಾಗಿಲಲ್ಲೂ ಕಾಯಬೇಕಿಲ್ಲವೆಂದು ಮೂರು ತಲೆಮಾರಿನ ತಾಯಂದಿರಿಗೆ ಭರವಸೆ ಕೊಟ್ಟು, ಈಗ ಅವರೆದುರು ತಲೆ ತಗ್ಗಿಸಿರುವ,
ರಾಜೇಶ್ವರಿ ಪಟ್ಟಣಶೆಟ್ಟಿ
ನಿವೃತ್ತ ಕನ್ನಡ ಶಿಕ್ಷಕಿ