ಎರಡನೆಯ ಚಾದರ

ಆಸ್ಪತ್ರೆಯ ಬಟ್ಟೆ ಕೋಣೆ,
ಆರನೇ ತಾರೀಖು, ಮಂಗಳವಾರ ಮಧ್ಯಾಹ್ನ

ಪ್ರೀತಿಯ ತಮ್ಮಾ,

ಹಣೆಯ ಗಾಯ ಹೇಗಿದೆ? ಹೊಲಿಗೆ ಬಿಚ್ಚಿದರೇ? ಕಾಗದ ಕತ್ತರಿಸುವ ಯಂತ್ರದ ಪಕ್ಕದಲ್ಲೇ ಫಿಟ್ಸ್ ಬಂದು ಬಿದ್ದೆಯಂತೆ. ನಿನ್ನ ಬೈಂಡಿಂಗ್ ಅಂಗಡಿಯ ಯಜಮಾನರು ಫೋನ್ ಮಾಡಿ ಹೇಳಿದರು. ಒಂದು ಗೇಣು ಆಚೆಗೆ ಬಿದ್ದಿದ್ದರೆ ಕೈಯೇ ಹೋಗುತ್ತಿತ್ತಂತೆ. ದೇವರು ದೊಡ್ಡವನು. ನನ್ನ ಫೋನನ್ನು ನೀನು ಎತ್ತುವುದಿಲ್ಲ, ಅದಕ್ಕೇ ಈ ಕಾಗದ. ಮಂಡಿ ನೋವು ಬಿಟ್ಟರೆ ನಾನು ಗಟ್ಟಿಯಾಗಿದ್ದೇನೆ. ಇಡೀ ಆಸ್ಪತ್ರೆಯ ಚಾದರ, ದಿಂಬಿನ ಚೀಲ ಎಲ್ಲ ನನ್ನ ಕೈಯಲ್ಲಿ. ಏಳನೇ ಕ್ಲಾಸು ಓದಿದವಳಿಗೆ ಇಷ್ಟು ಅಧಿಕಾರ ಸಾಕು.

ನಮ್ಮ ದೊಡ್ಡ ಡಾಕ್ಟರ ವಿಷಯ ನಿನಗೆ ಹೇಳಲೇಬೇಕು. ಮನಸ್ಸಿನ ಕಾಯಿಲೆಗೂ ನರದ ಕಾಯಿಲೆಗೂ ಒಂದೇ ಸೂರಿನಡಿ ಮದ್ದು ಕೊಡಲು ಈ ಕಡೆಯಲ್ಲಿ ಮೊದಲು ಶುರು ಮಾಡಿದವರು ಅವರೇ. ಮಂಡಿಗೆ ಬಡಿಯುವ ರಬ್ಬರ್ ಸುತ್ತಿಗೆ ಸದಾ ಜೇಬಿನಲ್ಲಿರುವುದರಿಂದ ಎಲ್ಲರೂ ಬೆನ್ನ ಹಿಂದೆ ‘ಸುತ್ತಿಗೆ ಡಾಕ್ಟರು’ ಎನ್ನುತ್ತಾರೆ. ಅದು ಅವರಿಗೂ ಗೊತ್ತು. ಅವರು ಬರುವ ಮೊದಲು ವಾರ್ಡಿನ ಬಾಗಿಲಿಗೆ ಹೊರಗಿನಿಂದ ಚಿಲಕವಿತ್ತಂತೆ. ಬಂದ ದಿನವೇ ಬಡಗಿಯನ್ನು ಕರೆಸಿ ತೆಗೆಸಿದರಂತೆ. ತಿರುಪಿನ ತೂತುಗಳು ಇವತ್ತಿಗೂ ಇವೆ. ಹೋಗುತ್ತಾ ಬರುತ್ತಾ ನಾನು ಅವನ್ನು ಮುಟ್ಟಿ ನೋಡುತ್ತೇನೆ.

ಕೆಲಸಕ್ಕೆ ಸೇರಿದ ಹೊಸತರಲ್ಲಿ ನನ್ನಿಂದ ಒಂದು ಎಡವಟ್ಟಾಯಿತು. ಒಬ್ಬ ರೋಗಿಗೆ ಎರಡು ಚಾದರ ಎಂದು ಚೀಟಿ ಬಂದಿತ್ತು. ಬರೆದವರು ತಪ್ಪಿದ್ದಾರೆ ಎಂದುಕೊಂಡು ಒಂದನ್ನು ಮಾತ್ರ ಕಳಿಸಿದೆ. ಡಾಕ್ಟರೇ ಮೆಟ್ಟಿಲಿಳಿದು ಬಂದರು. ಅವರು ಬೈಯಲಿಲ್ಲ. “ಅಕ್ಕಾ, ಒಂದು ಬೀಳೋರಿಗೆ, ಇನ್ನೊಂದು ಎತ್ತೋರಿಗೆ. ಎತ್ತೋರನ್ನ ಬರೀ ನೆಲದ ಮೇಲೆ ಮಲಗಿಸಿದ್ರೆ ನಾಲ್ಕನೇ ದಿನ ಮನೆಗೆ ಓಡ್ತಾರೆ” ಎಂದರು. ಇಲ್ಲಿ ಪ್ರತಿ ರೋಗಿಯ ಪಕ್ಕದಲ್ಲಿ ಮನೆಯವರಿಗೂ ಒಂದು ಮಂಚವಿದೆ.

ನೀನು ಬಿದ್ದ ಸುದ್ದಿ ಬಂದ ದಿನ ಧೈರ್ಯ ಮಾಡಿ ಕೇಳಿದೆ, ಇದು ದೇವರು ಕೊಟ್ಟ ಶಿಕ್ಷೆಯೇ ಎಂದು. “ದೇವರಿಗೆ ಅಷ್ಟು ಪುರುಸೊತ್ತು ಎಲ್ಲಿದೆ ಅಕ್ಕಾ? ತಲೆಯೊಳಗೆ ಒಂದು ಸಣ್ಣ ಮಿಂಚು ಹೊಡೆಯುತ್ತೆ, ಅಷ್ಟೇ. ಮಾತ್ರೆ ಇದೆ” ಎಂದರು. ನನಗೆ ಸ್ವಲ್ಪ ಸಿಟ್ಟೂ ಬಂತು. ಹಾಗಾದರೆ ಪ್ರಾರ್ಥನೆ ಬಿಡಬೇಕೇ ಎಂದೆ. “ಬಿಡಬೇಡಿ. ಮೊದಲು ಮಾತ್ರೆ ಕೊಡಿ, ಆಮೇಲೆ ಪ್ರಾರ್ಥನೆ ಮಾಡಿ” ಎಂದರು. ಈಗ ಅವರ ಕೈಯೇ ನಡುಗುತ್ತದೆ. “ಸುತ್ತಿಗೆ ತಾನೇ ಬಡಿಯುತ್ತೆ, ನನಗೆ ಕೆಲಸ ಕಡಿಮೆ” ಎಂದು ನಗುತ್ತಾರೆ. ತಿಂಗಳ ಕೊನೆಗೆ ಕೆಲಸ ಬಿಡುತ್ತಿದ್ದಾರೆ. ಹತ್ತೊಂಬತ್ತನೇ ತಾರೀಖು, ಸೋಮವಾರಕ್ಕೆ ನಿನಗೆ ಒಂದು ಹಾಸಿಗೆ ಹಿಡಿದಿಟ್ಟಿದ್ದಾರೆ. ಬಾರೋ.

ದಿನಾ ನಿನ್ನ ಹೆಸರನ್ನು ದೇವರ ಕಿವಿಗೆ ಹಾಕುತ್ತಿರುವ,
ನಿನ್ನ ಅಕ್ಕ

ಮರೆತೆನೆಂದಲ್ಲ, ಬರೆಯಲು ಧೈರ್ಯ ಸಾಲಲಿಲ್ಲ: ಅಂದು ನೀನು ಮೊದಲ ಸಲ ನನ್ನ ಹೊಸ್ತಿಲಲ್ಲಿ ಬಿದ್ದಾಗ, ದೆವ್ವ ಹಿಡಿದಿದೆ ಎಂದು ಹೆದರಿ ನಾನು ಒಳಗಿನಿಂದ ಚಿಲಕ ಹಾಕಿಕೊಂಡೆ. ನಿನ್ನನ್ನು ಎತ್ತಿದ್ದು ಪಕ್ಕದ ಮನೆಯವರು. ಎಚ್ಚರವಾದ ಮೇಲೆ ನೀನು ಆ ಬಾಗಿಲನ್ನೇ ನೋಡುತ್ತಾ ಕುಳಿತಿದ್ದೆ. ಕಿಟಕಿಯ ಸಂದಿಯಿಂದ ಕಂಡೆ. ತಪ್ಪಾಯಿತು ಕಣೋ. ಹತ್ತೊಂಬತ್ತರಿಂದ ರಜೆ ಬರೆದು ಕೊಟ್ಟಿದ್ದೇನೆ. ಎರಡನೆಯ ಚಾದರ ನನಗೆ.